ಮೂರೆಸಳಿನ ಕಬ್ಬಿಣದ ಹೂವು

ಏಳು ಹೊಳೆಗಳು ಕೂಡಿ ಕಡಲು ಸೇರುವ ಜಾಗದಲ್ಲಿ ಬಹಳ ಬಹಳ ಹಿಂದೆ ಒಂದು ರಾಜ್ಯವಿತ್ತು. ಅದರ ಹೆಸರು ಏಳ್ಹೊಳೆ. ಆ ರಾಜ್ಯದಲ್ಲಿ ರಸ್ತೆಯೆಂಬುದೇ ಇರಲಿಲ್ಲ. ಎತ್ತ ನೋಡಿದರೂ ನೀರು, ನೀರಿನ ನಡುವೆ ಕುದ್ರುಗಳು, ಒಂದೊಂದು ಕುದ್ರುವಿನ ಮೇಲೆ ಒಂದೊಂದು ಊರು. ಮದುವೆ ದಿಬ್ಬಣ ದೋಣಿಯಲ್ಲಿ ಹೋಗುತ್ತಿತ್ತು, ಕರು ಹಾಕಿದ ಎಮ್ಮೆ ದೋಣಿಯಲ್ಲಿ ಹೋಗುತ್ತಿತ್ತು, ಹೆಣವೂ ದೋಣಿಯಲ್ಲೇ ಹೋಗುತ್ತಿತ್ತು. ಗಾಳಿ ಬಂದರೆ ಹಾಯಿ ಬಿಚ್ಚುವರು, ಗಾಳಿ ನಿಂತರೆ ಹುಟ್ಟು ಹಾಕುವರು.

ಅಲ್ಲಿ ಜಟ್ಟಿ ಎಂಬ ಅಂಬಿಗನಿದ್ದ. ಅವನಿಗೆ ಬೀರಿ ಎಂಬ ಅಕ್ಕ. ತಂದೆ ತಾಯಿ ಒಂದೇ ವಾರದ ಜ್ವರದಲ್ಲಿ ಹೋದಾಗ ಜಟ್ಟಿಗೆ ಎರಡು ವರ್ಷ, ಬೀರಿಗೆ ಹನ್ನೆರಡು. ಬೀರಿ ತಮ್ಮನನ್ನು ದೋಣಿಯ ತಳದಲ್ಲಿ ಮಲಗಿಸಿಕೊಂಡು ಜನರನ್ನು ದಾಟಿಸಿದಳು. ಹಾಗೇ ಅವನನ್ನು ಸಾಕಿದಳು. ಈಜು ಕಲಿಸಿದಳು, ನೀರಿನ ಬಣ್ಣ ನೋಡಿ ಆಳ ಹೇಳುವುದನ್ನು ಕಲಿಸಿದಳು. ಮದುವೆಗೆ ಕೇಳಿ ಬಂದವರಿಗೆಲ್ಲ, "ಇವನದೊಂದು ಆಗಲಿ, ಆಮೇಲೆ ನೋಡುವ" ಎನ್ನುತ್ತಿದ್ದಳು.

ಜಟ್ಟಿಗೆ ಇಪ್ಪತ್ತು ತುಂಬಿದ ಮಳೆಗಾಲದಲ್ಲಿ ಹೊಳೆಯ ನಡುವೆ ಒಂದು ದೋಣಿ ಮಗುಚಿತು. ಬೀರಿ ನೀರಿಗೆ ಹಾರಿ ಮೂವರನ್ನು ದಡಕ್ಕೆ ತಂದಳು. ನಾಲ್ಕನೆಯವರನ್ನು ತರಲು ಹೋದವಳು ಬರಲಿಲ್ಲ. ಜಟ್ಟಿ ಒಂದು ತಿಂಗಳು ಹುಡುಕಿದ. ಹೆಣವೂ ಸಿಗಲಿಲ್ಲ. ಆ ವರ್ಷ ಮುಳುಗಿದವರಲ್ಲಿ ಯಾರ ಹೆಣವೂ ದಡಕ್ಕೆ ಬರಲಿಲ್ಲ.

ಮಳೆಗಾಲ ಮುಗಿಯುತ್ತಲೇ ಗಾಳಿ ನಿಂತುಹೋಯಿತು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ತಿಂಗಳು. ಹಾಯಿಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ನೀರು ಕಾಕಂಬಿಯಂತೆ ದಪ್ಪಗಾಯಿತು. ಹುಟ್ಟು ಹಾಕಿದರೆ ಹುಟ್ಟೇ ಮುರಿಯುತ್ತಿತ್ತು. ಕುದ್ರುಗಳಲ್ಲಿ ಅಕ್ಕಿ ಮುಗಿಯಿತು, ಉಪ್ಪು ಮುಗಿಯಿತು.

ಆಗ ಚಕ್ರಾಂಗನೆಂಬ ಮಂತ್ರವಾದಿ ರಾಜ ಮಲ್ಲರಸನ ಸಭೆಗೆ ಬಂದ. ಅವನ ಕೈಯಲ್ಲೊಂದು ವಿಚಿತ್ರ ಯಂತ್ರವಿತ್ತು. ಮೇಲೆ ಬಿಂದಿಗೆಯಂಥ ತಲೆ, ಕೆಳಗೆ ಕೊಕ್ಕರೆಯಂಥ ಉದ್ದ ಕುತ್ತಿಗೆ, ಕುತ್ತಿಗೆಯ ತುದಿಗೆ ಮೂರೆಸಳಿನ ಕಬ್ಬಿಣದ ಹೂವು.

"ಇದನ್ನು ದೋಣಿಯ ಹಿಂಬದಿಗೆ ತಿರುಪಿನಿಂದ ಬಿಗಿಯಿರಿ. ಹೂವು ನೀರೊಳಗಿರಲಿ. ತಲೆಗೆ ಸುತ್ತಿದ ಈ ಹಗ್ಗವನ್ನು ಎಳೆಯಿರಿ. ಹೂವು ತಿರುಗುತ್ತದೆ, ದೋಣಿ ಓಡುತ್ತದೆ. ಗಾಳಿ ಬೇಡ, ತೋಳು ಬೇಡ," ಎಂದ ಮಂತ್ರವಾದಿ.

"ಇದಕ್ಕೆ ಬದಲು ಏನು ಕೊಡಬೇಕು?" ಎಂದು ರಾಜ ಕೇಳಿದ.

"ಹೆಚ್ಚೇನಿಲ್ಲ. ನೀರು ಯಾರನ್ನು ತೆಗೆದುಕೊಂಡಿದೆಯೋ, ಮುಂದೆ ಯಾರನ್ನು ತೆಗೆದುಕೊಳ್ಳುತ್ತದೆಯೋ, ಅವರನ್ನು ನನಗೆ ಬಿಟ್ಟುಬಿಡಿ. ಹುಡುಕಬೇಡಿ."

ಹೊರಗೆ ಹಸಿದ ಮಕ್ಕಳು ಅಳುತ್ತಿದ್ದರು. "ಸತ್ತವರಿಂದ ಯಾರಿಗೇನು ಉಪಯೋಗ? ಇಟ್ಟುಕೋ," ಎಂದ ರಾಜ.

ಹೀಗೆ ಏಳ್ಹೊಳೆಯ ದೋಣಿಗಳಿಗೆಲ್ಲ ಯಂತ್ರ ಬಂತು. ಹಗ್ಗ ಎಳೆದರೆ ಗುರ್ರೆಂದು ಎಚ್ಚರವಾಗುತ್ತಿತ್ತು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಎಷ್ಟು ದಪ್ಪ ನೀರನ್ನೂ ಸೀಳಿಕೊಂಡು ಹೋಗುತ್ತಿತ್ತು. ಜನ ಕುಣಿದಾಡಿದರು.

ಜಟ್ಟಿಯೂ ಒಂದು ಯಂತ್ರ ತಂದ. ದೋಣಿಗೆ ಬಿಗಿದು ಹಗ್ಗ ಎಳೆದು ಹೊಳೆಗೆ ಇಳಿದ. ನಡುಹೊಳೆಯಲ್ಲಿ ವೇಗ ತಗ್ಗಿಸಿದಾಗ ಯಂತ್ರದ ಗುರುಗುಟ್ಟುವಿಕೆ ಸಣ್ಣದಾಯಿತು. ಆ ಸಣ್ಣ ಸದ್ದಿನಲ್ಲಿ ಯಾರೋ ಮಾತಾಡಿದರು.

"ಬಲಕ್ಕೆ ಹಾಕೋ ತಮ್ಮ. ಎದುರು ಬಂಡೆ ಇದೆ."

ಜಟ್ಟಿ ಬೆಚ್ಚಿಬಿದ್ದು ಬಲಕ್ಕೆ ತಿರುಗಿಸಿದ. ನೀರಿನಡಿಯ ಬಂಡೆ ಎಡಗಡೆ ದಾಟಿಹೋಯಿತು. ಅವನು ಯಂತ್ರದ ಬಿಸಿ ತಲೆಗೆ ಕಿವಿಯಿಟ್ಟ.

"ಅಕ್ಕಾ?"

"ಹೂಂ, ನಾನೇ."

ಜಟ್ಟಿ ಆ ಕಬ್ಬಿಣವನ್ನು ತಬ್ಬಿಕೊಂಡು ಅತ್ತ. ಎದೆ ಸುಟ್ಟರೂ ಬಿಡಲಿಲ್ಲ.

"ಅಳಬೇಡ, ಕೇಳು," ಎಂದಳು ಬೀರಿ. "ಒಂದೊಂದು ಯಂತ್ರದೊಳಗೂ ಒಬ್ಬೊಬ್ಬರಿದ್ದೇವೆ. ಹಗ್ಗ ಎಳೆದಾಗೆಲ್ಲ ನಾವು ತಿರುಗಬೇಕು. ವರ್ಷ ಕಳೆದರೆ ಸವೆದುಹೋಗುತ್ತೇವೆ. ಆಗ ಹೊಸಬರು ಬೇಕು. ಅದಕ್ಕೇ ಆ ಮಂತ್ರವಾದಿ ಹುಣ್ಣಿಮೆಗೊಂದು ಸುಳಿ ಎಬ್ಬಿಸಿ ದೋಣಿ ಮುಳುಗಿಸುತ್ತಾನೆ. ಕಡಲಬಾಯಿಯ ಪಾತಾಳಮಡುವಿನಲ್ಲಿ ತಾಯಿಚಕ್ರ ತಿರುಗುತ್ತಿದೆ. ಗಾಳಿಯನ್ನೂ ನಮ್ಮನ್ನೂ ಅದಕ್ಕೇ ಕಟ್ಟಿದ್ದಾನೆ. ಎಂಥ ಚಕ್ರಕ್ಕೂ ಒಂದು ಸಣ್ಣ ಕೀಲು ಇರುತ್ತದೆ. ಅದನ್ನು ಕಿತ್ತರೆ ಚಕ್ರ ನಿಲ್ಲುತ್ತದೆ."

"ನಿಂತರೆ ನೀನು ಮನೆಗೆ ಬರ್ತೀಯಾ ಅಕ್ಕ?"

"ಬರ್ತೇನೆ," ಎಂದಳು ಬೀರಿ.

ಜಟ್ಟಿ ಅಂದೇ ಹೊರಟ.

ಮೊದಲ ದಿನ ಕೂದಲಿನ ಕೊಲ್ಲಿ ಎದುರಾಯಿತು. ಅಲ್ಲಿ ಜೊಂಡಿನ ಬದಲು ನೀರಿನ ತುಂಬ ಕರಿಯ ಕೂದಲು ಬೆಳೆದಿತ್ತು. ಕಬ್ಬಿಣದ ಹೂವಿಗೆ ಕೂದಲು ಸುತ್ತಿಕೊಂಡು ಯಂತ್ರ ಕೆಮ್ಮಿ ನಿಂತಿತು. ಜಟ್ಟಿ ಯಂತ್ರವನ್ನು ನೀರಿನಿಂದ ಮೇಲಕ್ಕೆ ಬಾಗಿಸಿ ಚೂರಿ ತೆಗೆದ.

"ಕತ್ತರಿಸಬೇಡ," ಎಂದು ನೀರೊಳಗಿಂದ ಒಂದು ಹೆಂಗಸಿನ ದನಿ ಬಂತು. "ಬಂದವರೆಲ್ಲ ಕತ್ತರಿಸಿದರು. ಕತ್ತರಿಸಿದಷ್ಟೂ ಬೆಳೆಯುತ್ತದೆ. ನನ್ನ ಮಕ್ಕಳಿಬ್ಬರನ್ನೂ ಸುಳಿ ನುಂಗಿತು. ಅಂದಿನಿಂದ ನಾನು ತಲೆ ಬಾಚಿಲ್ಲ."

ಜಟ್ಟಿ ಚೂರಿ ಒಳಗಿಟ್ಟ. ಹೂವಿಗೆ ಸುತ್ತಿದ ಕೂದಲನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿದ. ಬಿಡಿಸುತ್ತ, "ಅವರ ಹೆಸರೇನಮ್ಮ?" ಎಂದು ಕೇಳಿದ. ಅವಳು ಹೆಸರು ಹೇಳಿದಳು, ಅವರು ಏನು ತಿನ್ನುತ್ತಿದ್ದರು, ಹೇಗೆ ಜಗಳವಾಡುತ್ತಿದ್ದರು ಎಂದೆಲ್ಲ ಹೇಳಿದಳು. ಸಂಜೆಯ ಹೊತ್ತಿಗೆ ಕೊನೆಯ ಎಳೆ ಬಿಟ್ಟಿತು. ಕೂದಲೆಲ್ಲ ಇಬ್ಭಾಗವಾಗಿ ಬೈತಲೆಯಂತೆ ದಾರಿ ತೆರೆಯಿತು.

ಎರಡನೆಯ ದಿನ ಕುರುಡು ಮೊಸಳೆಯ ಕಾಲುವೆ ಎದುರಾಯಿತು. ಆ ಮೊಸಳೆ ಮೂರು ದೋಣಿಯಷ್ಟು ಉದ್ದವಿತ್ತು. ಕಣ್ಣಿರಲಿಲ್ಲ, ಕಿವಿಯಿತ್ತು.

"ಯಂತ್ರದ ಸದ್ದು ಕೇಳಿದರೆ ಅದು ಬರುತ್ತದೆ," ಎಂದಳು ಬೀರಿ. "ನನ್ನನ್ನು ನಿಲ್ಲಿಸು. ಹುಟ್ಟು ಹಾಕು. ನಾನಿನ್ನು ಮಾತಾಡುವುದಿಲ್ಲ."

ಜಟ್ಟಿ ಯಂತ್ರ ನಿಲ್ಲಿಸಿದ. ಕಾಕಂಬಿಯಂಥ ನೀರಿನಲ್ಲಿ ಸದ್ದಾಗದಂತೆ, ಮರ ಮುರಿಯದಂತೆ ಮೆಲ್ಲಗೆ ಒಂದೊಂದೇ ಹುಟ್ಟು ಹಾಕಿದ. ಅಂಗೈ ಸುಲಿಯಿತು. ರಕ್ತ ಬಂತು. ಮೊಸಳೆ ಮಗ್ಗುಲಲ್ಲೇ ತೇಲುತ್ತಿತ್ತು, ಅದರ ಉಸಿರು ಅವನ ಮುಖಕ್ಕೆ ತಾಗುತ್ತಿತ್ತು. ಅಷ್ಟು ದೂರವೂ ಅಕ್ಕನ ದನಿಯಿಲ್ಲ. ಅವಳು ಹೋದಾಗಿನ ಆ ಒಂದು ತಿಂಗಳೇ ಮತ್ತೆ ಬಂದಂತೆ ಅವನಿಗೆ ಅನ್ನಿಸಿತು. ಕಾಲುವೆ ದಾಟಿದ ಕೂಡಲೇ ನೆತ್ತರ ಕೈಯಲ್ಲಿ ಹಗ್ಗ ಎಳೆದ.

"ಇದ್ದೀಯಾ ಅಕ್ಕ?"

"ಇದ್ದೇನೆ. ಕೈಗೆ ಬಟ್ಟೆ ಸುತ್ತಿಕೋ."

ಮೂರನೆಯ ದಿನ ಪಾತಾಳಮಡು ಬಂತು. ಮಡುವಿನ ನಡುವೆ ಗೋಪುರದಷ್ಟು ದೊಡ್ಡ ಮೂರೆಸಳಿನ ಚಕ್ರ ತಿರುಗುತ್ತಿತ್ತು. ಅದರ ನಡುವಿಗೆ ಸಾವಿರ ಹಗ್ಗಗಳು ಸುತ್ತಿದ್ದವು. ಪಕ್ಕದ ಬಂಡೆಯ ಮೇಲೆ ಚಕ್ರಾಂಗ ಕಾಲು ಇಳಿಬಿಟ್ಟು ಕುಳಿತಿದ್ದ. ಅವನು ಬೆಂಕಿಯುಗುಳಲಿಲ್ಲ, ಹಾವು ಬಿಡಲಿಲ್ಲ.

"ಬಾ ಜಟ್ಟಿ. ಕೀಲು ಅಲ್ಲೇ ಇದೆ, ನೋಡು. ಕಿರುಬೆರಳಿನಷ್ಟು ಮರದ ಕೀಲು. ನಾನು ಕಟ್ಟಿಹಾಕಿದವರ ಸಂಬಂಧದವರು ಮಾತ್ರ ಕೀಳಬಹುದು, ನಾನು ತಡೆಯಲಾರೆ. ಆದರೆ ನಿನ್ನಕ್ಕ ನಿನಗೆ ಸುಳ್ಳು ಹೇಳಿದ್ದಾಳೆ. ಚಕ್ರ ನಿಂತರೆ ಅವಳು ಮನೆಗೆ ಬರುವುದಿಲ್ಲ. ಸತ್ತವರು ಹೋಗುವ ಕಡೆಗೆ ಹೋಗುತ್ತಾಳೆ. ಕೀಳದೆ ತಿರುಗಿ ಹೋದರೆ ಅವಳು ಸವೆಯದಂತೆ ವರ ಕೊಡುತ್ತೇನೆ. ನಿನ್ನ ಜೀವವಿರುವ ತನಕ ನಿನ್ನ ದೋಣಿಯಲ್ಲೇ ಮಾತಾಡಿಕೊಂಡು ಇರುತ್ತಾಳೆ. ಯೋಚಿಸು."

ಜಟ್ಟಿ ಯಂತ್ರದ ಕಡೆ ತಿರುಗಿದ.

"ಹೌದಾ ಅಕ್ಕ?"

"ಹೌದು. ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ನೀನು ಬರುತ್ತಿರಲಿಲ್ಲ."

"ಬರುತ್ತಿದ್ದೆ."

"ಇಲ್ಲ ತಮ್ಮ. ನಿನ್ನನ್ನು ಸಾಕಿದವಳು ನಾನು, ನನಗೆ ಗೊತ್ತಿಲ್ಲವಾ?"

ಜಟ್ಟಿ ದೋಣಿಯನ್ನು ಹಿಂದಕ್ಕೆ ತಿರುಗಿಸಿದ. "ನಾನು ಕೀಳುವುದಿಲ್ಲ. ಮನೆಗೆ ಹೋಗುವ. ನಿನ್ನ ಯಂತ್ರವನ್ನು ಯಾವತ್ತೂ ಓಡಿಸುವುದಿಲ್ಲ. ದಿನಕ್ಕೊಮ್ಮೆ ಹಗ್ಗ ಎಳೆದು ಮಾತಾಡಿಸುತ್ತೇನೆ, ಅಷ್ಟೇ."

"ಆ ಒಂದು ಸಲವೂ ನಾನು ತಿರುಗಬೇಕಲ್ಲ, ಜಟ್ಟಿ," ಎಂದಳು ಬೀರಿ. ಅವಳ ದನಿ ತೀರ ಸಣ್ಣಗಾಗಿತ್ತು. "ಇದರೊಳಗೆ ಮಲಗಲು ಜಾಗವಿಲ್ಲ. ನನಗೆ ನಿದ್ದೆ ಬೇಕು. ನಾಡಿದ್ದು ಹುಣ್ಣಿಮೆ. ಯಾರದೋ ದೋಣಿ ಮಗುಚುತ್ತದೆ. ಅದರಲ್ಲಿ ಯಾರ ಅಕ್ಕ ಇದ್ದಾಳೋ."

ಜಟ್ಟಿ ಬಹಳ ಹೊತ್ತು ಅತ್ತ. ಆಮೇಲೆ ಎದ್ದ. ದೋಣಿಯನ್ನು ಚಕ್ರದ ಬುಡಕ್ಕೆ ನಡೆಸಿದ. ಒಂದು ಕೈಯನ್ನು ಯಂತ್ರದ ತಲೆಯ ಮೇಲಿಟ್ಟ. ಇನ್ನೊಂದು ಕೈಯಿಂದ ಕೀಲು ಹಿಡಿದ.

"ಮಲಗಕ್ಕ," ಎಂದು ಹೇಳಿ ಎಳೆದ.

ಕೀಲು ಮುಳ್ಳು ಕಿತ್ತಷ್ಟು ಸುಲಭವಾಗಿ ಬಂತು. ತಾಯಿಚಕ್ರ ನರಳಿತು, ವಾಲಿತು, ನಿಂತಿತು. ಸಾವಿರ ಹಗ್ಗಗಳು ಒಮ್ಮೆಲೇ ಬಿಚ್ಚಿಕೊಂಡು ಚಕ್ರಾಂಗನ ಸೊಂಟಕ್ಕೆ, ತೋಳಿಗೆ, ಕೊರಳಿಗೆ ಸುತ್ತಿಕೊಂಡವು. ಅವನು ಕೂಗುವ ಮೊದಲೇ ಚಕ್ರ ಅವನನ್ನು ಎಳೆದುಕೊಂಡು ಮಡುವಿನ ತಳಕ್ಕೆ ಹೋಯಿತು. ಕಟ್ಟು ಬಿಚ್ಚಿದ ಗಾಳಿ ಕಡಲಿನಿಂದ ಹೊಳೆಗೆ, ಹೊಳೆಯಿಂದ ಕುದ್ರುಗಳಿಗೆ ನುಗ್ಗಿತು. ನೀರು ತೆಳ್ಳಗಾಯಿತು.

ಜಟ್ಟಿಯ ಕೈಯಡಿಯ ಯಂತ್ರ ಮೆಲ್ಲಗೆ ತಣ್ಣಗಾಯಿತು. ಹಗ್ಗ ಎಳೆದರೆ ಸುಮ್ಮನೆ ಕಬ್ಬಿಣ ಕಡಕಡ ಎಂದಿತು, ಅಷ್ಟೇ.

ಹೊಳೆಯಲ್ಲಿ ಮುಳುಗಿದವರೆಲ್ಲ ಮಡುವಿನ ಮೇಲಕ್ಕೆ ತೇಲಿಬಂದರು. ಯಾರ ಮುಖವೂ ಕೆಟ್ಟಿರಲಿಲ್ಲ, ಎಲ್ಲರೂ ಮಲಗಿದಂತಿದ್ದರು. ಜಟ್ಟಿ ಅಕ್ಕನನ್ನು ಎತ್ತಿ ದೋಣಿಯಲ್ಲಿ ಮಲಗಿಸಿ ಹಾಯಿ ಬಿಚ್ಚಿದ. ಉಳಿದವರನ್ನು ಹೊಳೆಯ ನೀರೇ ಅವರವರ ಊರ ದಡಕ್ಕೆ ತಲುಪಿಸಿತು.

ಏಳ್ಹೊಳೆಯ ಪ್ರತಿ ಕುದ್ರುವಿನಲ್ಲೂ ಅಂದು ಚಿತೆ ಉರಿಯಿತು. ರಾಜ ಮಲ್ಲರಸ ನಡೆದದ್ದನ್ನೆಲ್ಲ ಕೇಳಿ, ಕಿರೀಟ ತೆಗೆದಿಟ್ಟು ಬರಿಗಾಲಲ್ಲಿ ಬಂದು ಸೌದೆ ಹೊತ್ತ. ಬೀರಿಯ ಚಿತೆಯ ಮುಂದೆ ಜಟ್ಟಿಯ ಕಾಲು ಹಿಡಿದು, "ನಾನು ತಪ್ಪು ಮಾಡಿದೆ," ಎಂದ.

"ಎಲ್ಲರೂ ಹಸಿದಿದ್ದೆವು ಒಡೆಯ," ಎಂದು ಜಟ್ಟಿ ಅವನನ್ನು ಎಬ್ಬಿಸಿದ. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ಆ ರಾಜ್ಯದಲ್ಲಿ ಮತ್ತೆ ಹಾಯಿಗಳು ಉಬ್ಬಿದವು, ಅಕ್ಕಿ ಬಂತು, ಉಪ್ಪು ಬಂತು, ಮದುವೆಗಳಾದವು. ಹುಣ್ಣಿಮೆಗೆ ಸುಳಿ ಏಳಲಿಲ್ಲ. ಜಟ್ಟಿಗೆ ಮೊದಲ ವರ್ಷ ಊಟ ರುಚಿಸಲಿಲ್ಲ. ಎರಡನೆಯ ವರ್ಷ ಸ್ವಲ್ಪ ರುಚಿಸಿತು. ಮೂರನೆಯ ವರ್ಷ ಆಚೆ ಕುದ್ರುವಿನ ಹುಡುಗಿಯೊಬ್ಬಳು ದೋಣಿ ಹತ್ತಿ, "ನೀವು ಯಾಕೆ ಯಾರ ಹತ್ತಿರವೂ ಮಾತಾಡುವುದಿಲ್ಲ?" ಎಂದು ಕೇಳಿದಳು. ಅವನು ಉತ್ತರ ಹೇಳುವಷ್ಟರಲ್ಲಿ ಹೊಳೆ ದಾಟಿಯಾಗಿತ್ತು. ಅವಳು ಇಳಿಯದೆ ಕುಳಿತು ಪೂರ್ತಿ ಕೇಳಿದಳು. ಅವರಿಗೆ ಮದುವೆಯಾಯಿತು, ಮಕ್ಕಳಾದವು. ಏಳ್ಹೊಳೆಯ ಜನರೆಲ್ಲ ಬಹುಕಾಲ ಸುಖವಾಗಿದ್ದರು. ತನ್ನ ಪಾಲಿಗೆ ಬಂದ ಸುಖವನ್ನು ಜಟ್ಟಿಯೂ ಬೇಡವೆನ್ನಲಿಲ್ಲ.