ನಿಘಂಟಿನ ಬೆದರುಬೊಂಬೆ

"ನಿಲ್ಸಿ! ಆ ಪದಾನ ಕೊಲ್ಬೇಡಿ!"

ಕೆಂಪು ಪೆನ್ಸಿಲ್ ಹಿಡಿದ ಅವಳ ಕೈ ಗಾಳಿಯಲ್ಲೇ ನಿಂತಿತು. ಮೇಜಿನ ಆಚೆ ಬದಿಗೆ ಒಬ್ಬ ಅಪರಿಚಿತ. ಹೆಗಲಿನ ಚೀಲವನ್ನೂ ಇನ್ನೂ ಇಳಿಸಿಲ್ಲ. ಆ ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದವನು!

"ಕೇಳೋಕೆ ನೀವ್ಯಾರು?"

"ಹಳೆ ಪದಗಳನ್ನ ನೋಡ್ಕೊಳೋಕೆ ಅಂತ ನನ್ನ ತಗೊಂಡಿದಾರೆ. ನೀವೀಗ ಹೊಡೆದುಹಾಕೋಕೆ ಹೊರಟಿದ್ದು ಅಪ್ರಿಸಿಟಿ. ಅರ್ಥ ಗೊತ್ತಾ?"

"ಚಳಿಗಾಲದ ಬಿಸಿಲಿನ ಹಿತವಾದ ಕಾವು," ಅವಳು ತಡವರಿಸದೆ ಹೇಳಿದಳು. "ಇಂಗ್ಲಿಷರೇ ಅದನ್ನ ಮರೆತು ಎಷ್ಟೋ ಕಾಲ ಆಯ್ತು. ನಾವ್ಯಾಕೆ ಹೊತ್ಕೊಂಡು ತಿರುಗ್ಬೇಕು?"

"ಅವರು ಮರೆತಿದ್ದು ಪದಾನ. ಬಿಸಿಲನ್ನಲ್ಲ."

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. 'ಬಂದ ದಿನವೇ ಇಷ್ಟು ಕೊಬ್ಬಾ?' ಎಂದುಕೊಂಡಳು. ಆದರೂ ಗೆರೆ ಎಳೆಯಲು ಕೈ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವಳನ್ನು ಕೇಳಿದ್ದರೆ ಇನ್ನಷ್ಟು ಸಿಟ್ಟಾಗುತ್ತಿದ್ದಳು, ಅಷ್ಟೇ.

ಅದು ಇಂಗ್ಲಿಷ್–ಕನ್ನಡ ನಿಘಂಟಿನ ಕಚೇರಿ. ಹೊಸ ಆವೃತ್ತಿ ಸಿದ್ಧವಾಗುತ್ತಿತ್ತು. ಹೊಸ ಪದಗಳಿಗೆ ಜಾಗ ಬೇಕೆಂದರೆ ಹಳೆಯವು ಹೊರಗೆ ಹೋಗಬೇಕು. ಯಾವುದನ್ನು ಕಳಿಸಬೇಕು ಎಂದು ತೀರ್ಮಾನಿಸುವವಳು ಅವಳು. ಹಾಗಾಗಿ ಕಚೇರಿಯವರೆಲ್ಲ ಬೆನ್ನ ಹಿಂದೆ ಅವಳನ್ನು 'ಕತ್ತರಿ' ಎನ್ನುತ್ತಿದ್ದರು. ಅವನಿಗೂ ವಾರದೊಳಗೆ ಒಂದು ಹೆಸರು ಬಿತ್ತು, 'ಹಳೇಪಾತ್ರೆ'. ಕತ್ತರಿಯನ್ನೂ ಹಳೇಪಾತ್ರೆಯನ್ನೂ ಒಂದೇ ಮೇಜಿಗೆ ಹಾಕಿದರೆ ಸದ್ದು ಬರದೇ ಇರುತ್ತದೆಯೇ?

"ಓವರ್‌ಮಾರೋ. ಇದನ್ನೂ ತೆಗೀತೀರಾ?" ಅವನು ಕೇಳುತ್ತಿದ್ದ. "ನಾಡಿದ್ದು ಅಂತ ಅರ್ಥ. ನಮ್ಮಲ್ಲಿ ಹಾಲಿನವನೂ ದಿನಾ ಹೇಳೋ ಮಾತು. ಇಂಗ್ಲಿಷರ ಹತ್ರಾನೂ ಒಂದಿತ್ತು, ಕಳ್ಕೊಂಡ್ರು. ಪಾಪ ಅನ್ಸಲ್ವಾ ನಿಮಗೆ?"

"ಪಾಪ ಅನ್ಸಿದ್ರೆ ಪುಟ ಹೆಚ್ಚಾಗುತ್ತೆ."

"ಹೋಗ್ಲಿ, ಫಜೆಲ್? ಕೆಲಸ ಮಾಡ್ತಿರೋ ಹಾಗೆ ನಟಿಸ್ತಾ ಸುಮ್ನೆ ಕೂರೋದು."

ಅವಳು ಕಣ್ಣೆತ್ತಿ ಕಚೇರಿಯನ್ನೊಮ್ಮೆ ನೋಡಿದಳು. ಮೂಲೆಯಲ್ಲಿ ಗುಮಾಸ್ತರು ಕನ್ನಡಕ ಹಾಕಿಕೊಂಡೇ ತೂಕಡಿಸುತ್ತಿದ್ದರು. "ಅದಿರ್ಲಿ ಬಿಡಿ... ನಮ್ಮ ಆಫೀಸಿಗೆ ಬೇಕಾಗುತ್ತೆ!"

ಇಬ್ಬರೂ ಒಟ್ಟಿಗೆ ನಕ್ಕಿದ್ದು ಆಗಲೇ. ಆ ನಗು ನಿಂತ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ. ಆಮೇಲಾಮೇಲೆ ಅವಳು ಬೇಗ ಬಂದು ಮೆಟ್ಟಿಲ ಮೇಲಿನ ಅವನ ಹೆಜ್ಜೆ ಸದ್ದಿಗೆ ಕಿವಿಗೊಟ್ಟು ಕೂರತೊಡಗಿದಳು. ಜಗಳಕ್ಕೆ ಕಾಯುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಎಂಥ ಪೆದ್ದಿ!

ಇಷ್ಟೇ ಆಗಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ನಡುವೆ ಬೆದರುಬೊಂಬೆ ಬಂತು.

ನಿಘಂಟಿನವರದ್ದು ಒಂದು ಗುಟ್ಟಿನ ಪದ್ಧತಿ ಇದೆ. ಸಾವಿರಾರು ನಿಜವಾದ ಪದಗಳ ನಡುವೆ ಒಂದೇ ಒಂದು ಸುಳ್ಳು ಪದವನ್ನು, ಸುಳ್ಳು ಅರ್ಥದೊಂದಿಗೆ ಸೇರಿಸಿಡುತ್ತಾರೆ. ಬೇರೆಯವರ ನಿಘಂಟಿನಲ್ಲಿ ಆ ಪದ ಕಾಣಿಸಿತೆಂದರೆ ಅವರು ನಮ್ಮದನ್ನು ಕದ್ದಿದ್ದಾರೆ ಎಂದೇ ಅರ್ಥ. ಈ ಕಚೇರಿಯಲ್ಲಿ ಅದನ್ನು ಬೆದರುಬೊಂಬೆ ಎನ್ನುತ್ತಿದ್ದರು.

"ಈ ಸಲದ ಬೊಂಬೆ ನೀನೇ ಕಟ್ಟಮ್ಮಾ," ಎಂದಿದ್ದರು ಪ್ರಧಾನ ಸಂಪಾದಕರು. "ನಿನಗೆ, ನನಗೆ ಬಿಟ್ರೆ ಮೂರನೆಯವರಿಗೆ ಗೊತ್ತಾಗಬಾರದು. ಹೆತ್ತವರಿಗೂ ಹೇಳೋ ಹಾಗಿಲ್ಲ!"

ಅವಳು ಹುಡುಕಬೇಕಾಗಿಯೇ ಇರಲಿಲ್ಲ. ಚಿಕ್ಕವಳಿದ್ದಾಗ ಯಾರಾದರೂ ತಿನ್ನುತ್ತಿದ್ದರೆ ಬಾಗಿಲಲ್ಲಿ ನಿಂತು ಅವರ ಬಾಯನ್ನೇ ನೋಡುತ್ತಿದ್ದಳಂತೆ. ಆಗ ಅಮ್ಮ ಗದರುತ್ತಿದ್ದಳು, "ಏ, ಗ್ರೋಕ್ ಮಾಡ್ಬೇಡ, ಒಳಗೆ ಬಾ!" ಆ ಪದ ಅಮ್ಮನೇ ಕಟ್ಟಿದ್ದು. ಮನೆಯವರ ಹೊರತು ಯಾರಿಗೂ ಗೊತ್ತಿಲ್ಲ. ಇನ್ನೇನು ಬೇಕು? 'ಗ್ರೋಕ್: ಉಣ್ಣುವವರನ್ನು, ತನ್ನನ್ನೂ ಕರೆದಾರೆಂಬ ಆಸೆಯಿಂದ ಸುಮ್ಮನೆ ನೋಡುತ್ತ ನಿಲ್ಲು' ಎಂದು ಬರೆದು ಸೇರಿಸಿಬಿಟ್ಟಳು. ಲೋಕದ ಪದಗಳನ್ನೆಲ್ಲ ಸಂಶಯದಿಂದ ನೋಡುವವಳಿಗೆ ಮನೆಯ ಪದದ ಮೇಲೆ ಮಾತ್ರ ಸಂಶಯ ಬರಲಿಲ್ಲ.

ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಳೇ? ಎಲ್ಲಿ ಬಂತು! ಒಂದು ಮಧ್ಯಾಹ್ನ ತಾರಸಿಯ ಮೇಲೆ ಊಟದ ಡಬ್ಬಿ ಬಿಚ್ಚಿದಾಗ ಅವನಿಗೆ ಹೇಳಿಯೇಬಿಟ್ಟಳು. ಪ್ರೀತಿ ಅಂದರೆ ಇದೇ ಅಲ್ಲವೇ, ಯಾರಿಗೂ ಹೇಳಬಾರದ್ದನ್ನು ಒಬ್ಬರಿಗೆ ಹೇಳಿಬಿಡುವುದು?

ಅವನು ಅನ್ನ ಕಲಸುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ.

"ಚೆನ್ನಾಗಿದೆ," ಎಂದ ಮೆಲ್ಲಗೆ. "ನಿಮ್ಮಮ್ಮ ಜೋರಿದಾರೆ."

ಎದುರು ರಸ್ತೆಯ ಪ್ರಕಾಶನದವರ ನಿಘಂಟು ಮೊದಲು ಹೊರಬಂತು. ಇವರದ್ದು ಇನ್ನೂ ಅಚ್ಚಿಗೇ ಹೋಗಿರಲಿಲ್ಲ. ಸಂಪಾದಕರು ಒಂದು ಪ್ರತಿ ತರಿಸಿ, ಅಭ್ಯಾಸಬಲದಿಂದ ಪುಟ ತಿರುವಿದರು. ತಿರುವಿದವರು ಹಾಗೇ ಕೂತುಬಿಟ್ಟರು.

ಗ್ರೋಕ್!

ಅರ್ಥವೂ ಅದೇ!

"ನಮ್ಮದು ಇನ್ನೂ ಬಾಗಿಲು ದಾಟಿಲ್ಲ!" ಅವರು ಅವಳ ಮುಂದೆ ಪುಟ ಹಿಡಿದರು. "ಅಂದ್ರೆ ಒಳಗಿನವರೇ ಕೊಟ್ಟಿದಾರೆ. ನಾನಂತೂ ಯಾರಿಗೂ ಹೇಳಿಲ್ಲ. ನೀನು?"

ಅವಳಿಗೆ ತಾರಸಿಯ ಆ ಮಧ್ಯಾಹ್ನ ನೆನಪಾಯಿತು. ಅವನು ಇಲ್ಲಿಗೆ ಬರುವ ಮೊದಲು ಕೆಲಸ ಮಾಡಿದ್ದು ಅದೇ ಎದುರು ರಸ್ತೆಯ ಪ್ರಕಾಶನದಲ್ಲಿ...

'ಇಲ್ಲ. ಅವರಲ್ಲ. ಆದರೆ ಬೇರೆ ಯಾರಿಗೆ ಗೊತ್ತಿತ್ತು? ಅದಕ್ಕೇನಾ ನನ್ನ ಹತ್ತಿರ ಅಷ್ಟು ಸಲಿಗೆಯಿಂದ...?'

"ಹೇಳಮ್ಮಾ!"

ಅವಳು ಹೇಳಿದಳು.

ಸಂಪಾದಕರು ಅವನನ್ನು ಕರೆಸಿದರು. ಎದುರು ರಸ್ತೆಯವರ ನಿಘಂಟನ್ನು ಅವನ ಮುಂದೆ ತೆರೆದಿಟ್ಟರು. ಅವನು ಪುಟವನ್ನು ನೋಡಿ, ನಿಧಾನವಾಗಿ ತಲೆಯೆತ್ತಿದ. ಅವರತ್ತ ನೋಡಲೇ ಇಲ್ಲ. ಅವಳನ್ನೇ ನೋಡಿದ.

"ನಾನು ಯಾರಿಗೂ ಹೇಳಿಲ್ಲ. ನೀವು ನಂಬ್ತೀರಾ?"

ಒಂದು 'ಹೂಂ' ಸಾಕಾಗಿತ್ತು. ಅವಳು ತೆರೆದಿಟ್ಟ ಪುಟದತ್ತ ಕಣ್ಣು ತಿರುಗಿಸಿದಳು.

"ಸರಿ," ಎಂದ ಅವನು.

"ನಾಳೆ ಬೆಳಿಗ್ಗೆ ಎಲ್ಲ ಪ್ರಕಾಶನದವರಿಗೂ ಫೋನ್ ಮಾಡ್ತೀನಿ," ಸಂಪಾದಕರು ಗುಡುಗಿದರು. "ಮನೆಮುರುಕ ಇವನು, ಒಳಗೆ ಬಿಟ್ಕೋಬೇಡಿ ಅಂತ ಹೇಳ್ತೀನಿ. ನಾಳೆ ಬಂದು ನಿನ್ನ ಸಾಮಾನು ತಗೊಂಡು ಹೋಗು!"

ಪದಗಳ ಕೆಲಸ ಬಿಟ್ಟು ಬೇರೇನೂ ಬಾರದ ಮನುಷ್ಯ. ಆ ಒಂದು ಫೋನಿಗೆ ಅವನ ಬದುಕೇ ಮುಗಿದಂತೆ. ಅವನು ಬಾಗಿಲು ದಾಟಿದ. ಅವಳು ಹಿಂದೆ ಹೋಗಲಿಲ್ಲ. ಕಾಲು ಹೋಗೆಂದಿತು, ಸಂಶಯ ಬೇಡವೆಂದಿತು.

ಆ ಸಂಜೆ ಊಟಕ್ಕೆ ಕೂತವಳು ಒಂದು ತುತ್ತು ತಿಂದು, ಎದುರಿನ ತಟ್ಟೆಯನ್ನೇ ನೋಡುತ್ತ ಕೂತಳು. ಎದುರಿಗೆ ಕೂತ ಅಮ್ಮ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಏನೇ ಆಗಲಿ, ಊಟ ಬಿಡುವ ಜಾತಿಯಲ್ಲ.

"ನಿನ್ನ ತಟ್ಟೆಗೆ ಬಡಿಸಿದ್ದು ಬಿಟ್ಟು ನನ್ನದನ್ನ ಯಾಕೆ ಗ್ರೋಕ್ ಮಾಡ್ತಿದೀಯ? ತಿನ್ನೇ!"

ಅಷ್ಟೇ. ಅವಳಿಗೆ ಅಳು ಒತ್ತರಿಸಿ ಬಂತು.

"ಆ ಪದದ ಹೆಸರೆತ್ತಬೇಡಮ್ಮಾ! ನೀನು ಕಟ್ಟಿದ ಪದ ನನ್ನ ಬದುಕನ್ನೇ..."

"ನಾನು ಕಟ್ಟಿದ್ದಾ?" ಅಮ್ಮ ಕಣ್ಣರಳಿಸಿದಳು. "ಅಯ್ಯೋ, ಅದು ನಮ್ಮ ಮೇಟ್ರನ್ ಮಾತು ಕಣೇ! ಸ್ಕಾಟ್ಲೆಂಡಿನ ಮುದುಕಿ. ಡಾಕ್ಟ್ರು ಊಟ ಮಾಡ್ವಾಗ ನಾವು ನೋಡ್ತಾ ನಿಂತ್ರೆ ಹಾಗೇ ಬೈಯೋಳು. ಅವಳಜ್ಜಿ ಕಾಲದ ಪದವಂತೆ."

"ನೀನೇ ಮಾಡಿದ್ದು ಅಂತ ಹೇಳ್ತಿದ್ದೆ!"

"ಮಕ್ಕಳ ಮುಂದೆ ಸ್ವಲ್ಪ ಜಂಬ ಕೊಚ್ಕೊಂಡೆ. ಅದನ್ನ ನಂಬ್ಕೊಂಡೇ ಕೂತಿದ್ಯಾ ಇಷ್ಟು ವರ್ಷ? ನಿಘಂಟು ಮಾಡೋಳು ನೀನು!"

ಅವಳು ಎಂಜಲು ಕೈಯಲ್ಲೇ ಎದ್ದುಬಿಟ್ಟಳು. ಸುಳ್ಳು ಪದವಲ್ಲ! ನಿಜವಾದ ಹಳೆಯ ಪದ! ಎದುರಿನವರು ಕದ್ದಿರಬೇಕಾಗಿಲ್ಲ, ಯಾವುದೋ ಹಳೆಯ ಪುಸ್ತಕದಿಂದ ತೆಗೆದುಕೊಂಡಿರಬಹುದು. ಯಾರೂ ಕದಿಯದ ಕಳ್ಳತನಕ್ಕೆ ಅವಳು ಕಳ್ಳನನ್ನು ಹಿಡಿದುಕೊಟ್ಟಿದ್ದಳು. ಸಂಪಾದಕರಿಗೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಅವನಿಗೆ ಮಾಡಿದಳು, ಅವನದ್ದು ಸ್ವಿಚ್ ಆಫ್.

ಬೆಳಿಗ್ಗೆ ಅವಳು ಓಡಿಬಂದಾಗ ಅವನು ಖಾಲಿ ಮೇಜಿನ ಮುಂದೆ ಚೀಲದ ಜಿಪ್ ಎಳೆಯುತ್ತಿದ್ದ.

"ಗ್ರೋಕ್ ಸುಳ್ಳು ಪದ ಅಲ್ಲ!" ಏದುಸಿರಿನಲ್ಲೇ ಹೇಳಿದಳು. "ನಿಜವಾದ ಪದ! ಅಮ್ಮ ಹೇಳಿದ್ಲು..."

"ಗೊತ್ತು."

"ಏನು... ಗೊತ್ತು?"

"ಹಳೆ ಪದಾನೇ ನನ್ನ ಕೆಲಸ ಅಲ್ವಾ? ತಾರಸಿ ಮೇಲೆ ನೀವು ಹೇಳಿದ ದಿನಾನೇ ಗೊತ್ತಿತ್ತು. ನಮ್ಮಮ್ಮ ಕಟ್ಟಿದ್ದು ಅಂತ ಅಷ್ಟು ಖುಷಿಯಾಗಿ ಹೇಳ್ತಿದ್ರಿ... ಆ ಮುಖ ನೋಡಿ ಬಾಯಿ ಬರ್ಲಿಲ್ಲ. ಅಚ್ಚಿಗೆ ಹೋಗೋ ಮುಂಚೆ ಹೇಳಿದ್ರಾಯ್ತು ಅಂದ್ಕೊಂಡೆ."

"ಹಾಗಾದ್ರೆ ನಿನ್ನೆ?" ಅವಳ ದನಿ ಏರಿತು. "ನಿನ್ನೆ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ!"

"ಹೇಳಿದ್ರೆ ಅವರ ಸಿಟ್ಟೆಲ್ಲ ನಿಮ್ಮ ಮೇಲೆ ತಿರುಗ್ತಿತ್ತು. ನಿಜವಾದ ಪದಾನ ಬೊಂಬೆ ಅಂತ ಇಟ್ಟವಳು ಅಂತ." ಅವನು ಸ್ವಲ್ಪ ತಡೆದ. "ಅದೊಂದೇ ಅಲ್ಲ... ಪುರಾವೆ ಕೊಡೋ ಮೊದಲೇ ನೀವು ನನ್ನ ನಂಬ್ತೀರ ಅಂತ ಕಾದೆ. ನಂಬ್ಲಿಲ್ಲ."

ಅವಳಿಗೆ ನಾಚಿಕೆಯಾಯಿತು, ದುಃಖವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು!

"ಕಾದ್ಯಾ? ನನ್ನ ಪರೀಕ್ಷೆ ಮಾಡ್ತಾ ಕೂತಿದ್ಯಾ ನೀನು? ನಾನು ಫೇಲ್ ಆದೆ, ಒಪ್ಕೋತೀನಿ. ನನ್ನದು ದೊಡ್ಡ ತಪ್ಪು. ಆದ್ರೆ ರಾತ್ರಿಯೆಲ್ಲ ನೀನು ಕಳ್ಳ ಅಂದ್ಕೊಂಡು ನಾನು ಸಾಯ್ಲಿ ಅಂತ ಬಿಟ್ಟು ಹೋಗೋದಾ? ಬಾಯಿಗೇನು ಬೀಗ ಹಾಕಿತ್ತಾ?"

ಅವನು ಬೆಚ್ಚಿ ನಿಂತ. ಅವಳು ಉತ್ತರಕ್ಕೆ ಕಾಯದೆ ಸಂಪಾದಕರ ಕೋಣೆಯ ಬಾಗಿಲು ತಳ್ಳಿದಳು. ಅವರ ಕೈಯಲ್ಲಿ ಆಗಲೇ ಫೋನ್ ಇತ್ತು.

"ಸರ್, ಇಡಿ ಅದನ್ನ! ಅವರು ಕಳ್ಳರಲ್ಲ. ತಪ್ಪು ನಂದು."

ಹೊರಗಿನ ಮೇಜುಗಳವರೆಲ್ಲ ಇತ್ತ ತಿರುಗಿದರು. ಅವಳು ಒಂದನ್ನೂ ಮುಚ್ಚಿಡಲಿಲ್ಲ. ಅಮ್ಮನ ಜಂಬ, ಸ್ಕಾಟ್ಲೆಂಡಿನ ಮೇಟ್ರನ್, ತಾರಸಿಯಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು, ನಿನ್ನೆ ಅವನ ಕಣ್ಣೆದುರೇ ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದಳು. ಸಂಪಾದಕರ ಮುಖ ಕೆಂಪಾಯಿತು, ಬಿಳಿಚಿಕೊಂಡಿತು, ಮತ್ತೆ ಕೆಂಪಾಯಿತು.

"ಎದುರಿನವರ ಮೇಲೆ ಕೇಸ್ ಹಾಕೋಕೆ ವಕೀಲರನ್ನೂ ಕರೆಸಿದ್ನಲ್ಲಮ್ಮಾ ನಾನು! ಮಾನ ಹರಾಜಾಗ್ತಿತ್ತು!" ಅವರು ತಲೆ ಚಚ್ಚಿಕೊಂಡರು. "ಇವತ್ತಿಂದ ಕೆಂಪು ಪೆನ್ಸಿಲ್ ನಿನ್ನ ಕೈಗಿಲ್ಲ. ಒಂದು ವರ್ಷ ಪ್ರೂಫ್ ನೋಡು."

"ಆಗ್ಲಿ ಸರ್."

"ಮತ್ತೆ ಆ ಹುಡುಗನಿಗೆ..." ಅವರ ದನಿ ಇಳಿಯಿತು. "ಅವನ ಕ್ಷಮೆ ನಾನೂ ಕೇಳ್ಬೇಕು. ಹೋಗೋಕೆ ಬಿಡ್ಬೇಡ."

ಅವಳು ತಿರುಗಿದಳು. ಅವನ ಮೇಜಿನ ಹತ್ತಿರ ಯಾರೂ ಇಲ್ಲ! ಮೆಟ್ಟಿಲು ಎರಡೆರಡು ಹಾರುತ್ತ ಇಳಿದಳು. ಬೀದಿಬಾಗಿಲ ಬಳಿ ಅವನು ಸಿಕ್ಕಿದ. ಹಿಂದುಮುಂದು ನೋಡದೆ ಅವನ ಕೈ ಹಿಡಿದಳು. ಅವನ ಬೆರಳು ತಣ್ಣಗಿತ್ತು.

"ಹೊರಟ್ರಾ?"

"ಒಳಗೆ ನೀವು ಹೇಳಿದ್ದೆಲ್ಲ ಕೇಳಿಸ್ತು. ಅಲ್ಲಿ ನಿಂತ್ಕೊಳೋಕೆ ಆಗ್ಲಿಲ್ಲ." ಅವನ ಕಣ್ಣು ತೇವವಾಗಿತ್ತು. "ಎಲ್ಲರ ಮುಂದೆ ಅಷ್ಟೆಲ್ಲ ಹೇಳ್ಬೇಕಿತ್ತಾ?"

"ಹೇಳ್ಬೇಕಿತ್ತು. ನಿನ್ನೆ ಹೇಳ್ಬೇಕಿತ್ತು, ಇವತ್ತು ಹೇಳಿದೆ." ಅವಳು ಉಸಿರೆಳೆದುಕೊಂಡಳು. "ಇನ್ನೊಂದು ಮಾತು ಉಳಿದಿದೆ. ಬೇಡ ಅಂದ್ರೂ ಹೇಳ್ತೀನಿ. ನೀವಂದ್ರೆ ನನಗೆ ಇಷ್ಟ. ತುಂಬಾ ಇಷ್ಟ. ನಂಬದೇ ಇದ್ದ ಆ ಗಳಿಗೇಲೂ ಇಷ್ಟಾನೇ ಇತ್ತು, ಅದಕ್ಕೇ ಅಷ್ಟು ನೋವಾಯ್ತು."

ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತು, ಜನರನ್ನು ಇಳಿಸಿ ಹೋಯಿತು.

"ನಾನೂ ತಪ್ಪು ಮಾಡ್ದೆ," ಎಂದ ಕೊನೆಗೆ. "ಇಷ್ಟಪಟ್ಟವರನ್ನ ಪರೀಕ್ಷೆಗೆ ಕೂರಿಸಬಾರದು. ಆದ್ರೆ ನಂದೊಂದು ಕೆಟ್ಟ ಗುಣ... ನೋವಾದ್ರೆ ಸುಮ್ನಾಗಿಬಿಡ್ತೀನಿ. ಮುಂದೆಯೂ ಹಾಗೇ ಆದ್ರೆ ಏನು ಮಾಡ್ತೀರಿ?"

"ಏನು ಮಾಡ್ತೀನಾ?" ಅವಳು ಹಿಡಿತ ಬಿಗಿ ಮಾಡಿದಳು. "ನೀವು ಬಾಯಿ ಬಿಡೋವರೆಗೂ ನಾನು ಕೈ ಬಿಡಲ್ಲ."

ಅವನು ತನ್ನ ಕೈಯನ್ನು ಸುತ್ತಿಕೊಂಡಿದ್ದ ಅವಳ ಬೆರಳುಗಳನ್ನು ನೋಡಿದ. ಚೀಲವನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟ.

"ಹಾಗಾದ್ರೆ ನಾನು ಬಾಯೇ ಬಿಡಲ್ಲ!"