ಕೆಂಪು ಚೀಟಿ ಕೊನೆಯ ಸಾಲಿನಲ್ಲಿತ್ತು

ಆವಲಪ್ಪ ನನ್ನ ಬೈಕಿನ ಕೀ ಕಿತ್ತುಕೊಂಡು ಪಿನಾಕಿನಿ ಸೇತುವೆಯಿಂದ ಕೆಳಗೆ ಎಸೆದ.

ನದಿಯಲ್ಲಿ ನೀರಿರಲಿಲ್ಲ. ಕೀ ಕಲ್ಲಿಗೆ ಬಡಿದ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಏಮಿ ಸಾರ್, ಎಕ್ಕಡಿಕಿ? ಇಷ್ಟು ಅರ್ಜೆಂಟಾಗಿ?"

"ಗೌರಿಬಿದನೂರಿಗೆ. ತಿಂಡಿ ತಿನ್ನಕ್ಕೆ."

"ಹತ್ತೂವರೆಗೆ ತಿಂಡಿನಾ?"

"ಎದ್ದಿದ್ದು ಲೇಟು."

ಆವಲಪ್ಪ ನಗಲಿಲ್ಲ. ಕುಡುಮಲಕುಂಟೆಯ ಆ ಫ್ಯಾಕ್ಟರಿಗೆ ಸೆಕ್ಯುರಿಟಿ ಒದಗಿಸುವ ಗುತ್ತಿಗೆದಾರ ಅವನು. ಅವನ ಬೊಲೆರೊ ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆ ಇಬ್ಬರು. ಒಬ್ಬನ ಕೈಯಲ್ಲಿ ರಾಡು.

"ಚೀಟಿ ಕೊಡಿ."

"ಯಾವ ಚೀಟಿ?"

ರಾಡು ಎಡ ಪಕ್ಕೆಗೆ ಬಿತ್ತು. ಹೆಚ್ಚು ಜೋರಾಗೇನೂ ಅಲ್ಲ. ಒಂದು ಮೂಳೆಗೆ ಸಾಕಾಗುವಷ್ಟು.

"ಕೆಂಪುದು," ಅಂದ ಆವಲಪ್ಪ.

"ನನ್ನ ಹತ್ರ ಇಲ್ಲ ಕಣಪ್ಪ."

ಅದು ನಿಜ. ನಾನು ಅದನ್ನು ತರಲೆಂದೇ ಹೊರಟಿದ್ದೆ.

ಅಷ್ಟರಲ್ಲಿ ಬಸ್ಸು ಬಂತು. ಬೊಲೆರೊ ಅಡ್ಡ ಇದ್ದುದರಿಂದ ನಿಂತಿತು. ಡ್ರೈವರ್ ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಕಿಟಕಿಗಳಿಂದ ಹದಿನೈದು ತಲೆ ಹೊರಬಂದವು. ಎರಡು ತಲೆಗಳ ಪಕ್ಕ ಮೊಬೈಲೂ ಬಂತು. ರಾಡು ಹಿಡಿದವನು ಅದನ್ನು ಬೆನ್ನ ಹಿಂದೆ ಮರೆಮಾಡಿದ.

ನಾನು ಪಕ್ಕೆ ಹಿಡಿದುಕೊಂಡು ನಡೆದುಹೋಗಿ ಬಸ್ಸು ಹತ್ತಿದೆ. ಓಡಲು ಆಗುತ್ತಿರಲಿಲ್ಲ.

"ಕೀ ಹುಡುಕಿಡಪ್ಪ," ಅಂದೆ. "ಸಂಜೆ ಬರ್ತೀನಿ."

ಗಂಟೆ ಹತ್ತು ನಲವತ್ತು. ಹನ್ನೊಂದೂಕಾಲಿಗೆ ಗೌರಿಬಿದನೂರಿನ ಗುಜರಿ ಅಂಗಡಿಯಿಂದ ಲಾರಿ ಹೊರಡುತ್ತದೆ. ಹನ್ನೆರಡಕ್ಕೆ ಫ್ಯಾಕ್ಟರಿಯಲ್ಲಿ ವಿಚಾರಣೆ. ಆ ಲಾರಿಯ ಯಾವುದೋ ಚೀಲದಲ್ಲಿ ಅಂಗೈಯಗಲದ ಒಂದು ಕೆಂಪು ಚೀಟಿ ಇತ್ತು. ಅದು ಸಿಗದಿದ್ದರೆ ಸುನೀಲ್ ಎಂಬ ಫಿಟ್ಟರ್ ಕೆಲಸ ಕಳೆದುಕೊಂಡು ಪೊಲೀಸ್ ಜೀಪು ಹತ್ತುತ್ತಿದ್ದ.

ಮೊದಲಿಂದ ಹೇಳುತ್ತೇನೆ. ಬಸ್ಸು ಊರು ಮುಟ್ಟಲು ಹೇಗೂ ಹೊತ್ತಿದೆ...

ನನ್ನ ಹೆಸರು ಯೋಗನರಸಿಂಹ. ಚಿಕ್ಕಬಳ್ಳಾಪುರದಲ್ಲಿ ಹನ್ನೆರಡು ವರ್ಷ ಜಿಲ್ಲಾ ವರದಿಗಾರನಾಗಿದ್ದೆ. ಪತ್ರಿಕೆಯ ಆವೃತ್ತಿ ಮುಚ್ಚಿತು. ಈಗ ಕಂಪನಿಗಳಿಗೂ ವಕೀಲರಿಗೂ ಖಾಸಗಿ ತನಿಖೆ ಮಾಡಿಕೊಡುತ್ತೇನೆ. ಯಾರು, ಎಲ್ಲಿ, ಯಾವಾಗ. ಏಕೆ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಈ ಬಾರಿ ಕರೆಸಿದ್ದು ಫ್ಯಾಕ್ಟರಿಯೇ. ಕಾರಿನ ಬಾಗಿಲಿನ ಬಿಡಿಭಾಗ ಒತ್ತುವ ಫ್ಯಾಕ್ಟರಿ. ಮುಖ್ಯಸ್ಥ ಮಧುಸೂದನ್. ನಲವತ್ತು ದಾಟಿಲ್ಲ, ಧ್ವನಿ ಏರುವುದೇ ಇಲ್ಲ.

"ನಮ್ಮಲ್ಲಿ ಬ್ಲೇಮ್ ಕಲ್ಚರ್ ಇಲ್ಲ ಯೋಗನರಸಿಂಹ ಅವ್ರೆ," ಅಂದಿದ್ದ ಮೊದಲ ದಿನವೇ. "ಸುನೀಲ್‌ದೇ ತಪ್ಪು ಅಂತ ಒಂದು ರಿಪೋರ್ಟ್ ಕೊಟ್ಬಿಡಿ, ಸಾಕು."

ಮಧುಸೂದನ್ ಬಂದ ಮೇಲೆ ಆ ಫ್ಯಾಕ್ಟರಿಗೆ ಎಜೈಲ್ ಬಂದಿತ್ತು. ಸಾಫ್ಟ್‌ವೇರ್ ಕಂಪನಿಗಳ ಕೆಲಸದ ಪದ್ಧತಿ. ಗೋಡೆಗೆ ಬಿಳಿ ಬೋರ್ಡು. ಅದರಲ್ಲಿ ನಾಲ್ಕು ಸಾಲು: ಮಾಡಬೇಕಾದದ್ದು, ಮಾಡುತ್ತಿರುವುದು, ತಡೆಯಾದದ್ದು, ಮುಗಿದದ್ದು. ಎಲ್ಲ ಇಂಗ್ಲಿಷಿನಲ್ಲಿ. ಪ್ರತಿ ಕೆಲಸಕ್ಕೂ ಒಂದು ಅಂಟು ಚೀಟಿ, ಅದೂ ಇಂಗ್ಲಿಷಿನಲ್ಲೇ. ಕೆಲಸ ನಡೆದಂತೆ ಚೀಟಿಯೂ ಸಾಲಿನಿಂದ ಸಾಲಿಗೆ ನಡೆಯಬೇಕು. ಪ್ರತಿ ಬೆಳಿಗ್ಗೆ ಬೋರ್ಡಿನ ಮುಂದೆ ಹದಿನೈದು ನಿಮಿಷದ ಮೀಟಿಂಗ್, ಎಲ್ಲರೂ ನಿಂತೇ. ಎರಡು ವಾರಕ್ಕೊಂದು ಸುತ್ತು, ಅದರ ಹೆಸರು ಸ್ಪ್ರಿಂಟ್. ಸ್ಪ್ರಿಂಟ್ ಮುಗಿಯುವ ಶುಕ್ರವಾರ ಕೊನೆಯ ಸಾಲಿನಲ್ಲಿ ಎಷ್ಟು ಚೀಟಿಗಳಿವೆಯೋ ಫ್ಯಾಕ್ಟರಿಗೆ ಅಷ್ಟು ಅಂಕ. ಬೋರ್ಡಿನ ಫೋಟೊ ಬೆಂಗಳೂರಿನ ಹೆಡ್ಡಾಫೀಸಿಗೆ. ಚೀಟಿಗಳು ಕಸಕ್ಕೆ.

ನಾಲ್ಕನೇ ಪ್ರೆಸ್ಸಿನ ಸೆನ್ಸರ್ ಕೆಟ್ಟಿತ್ತು. ಒತ್ತುವ ಅಚ್ಚಿನ ಕೆಳಗೆ ಕೈ ಹೋದರೆ ಯಂತ್ರ ನಿಲ್ಲಿಸುವ ಸೆನ್ಸರ್ ಅದು; ಸರಿಯಿದ್ದರೆ ಹಸಿರು ದೀಪ ಉರಿಯುತ್ತದೆ. ಸುನೀಲ್ ಕೆಂಪು ಚೀಟಿ ಬರೆದು "ತಡೆಯಾದದ್ದು" ಸಾಲಿಗೆ ಅಂಟಿಸಿದ. ಹೊಸ ಸೆನ್ಸರ್ ಬರುವವರೆಗೆ ಪ್ರೆಸ್ ನಿಲ್ಲಿಸಿ ಎಂದು. ಹತ್ತು ದಿನ ನಿಂತಿತ್ತು. ಆಮೇಲೆ ಸುನೀಲನನ್ನು ಗುರುವಾರ, ಶುಕ್ರವಾರ ಬೆಂಗಳೂರಿಗೆ ಟ್ರೈನಿಂಗಿಗೆ ಕಳಿಸಿದರು. ಎಜೈಲ್ ಕಲಿಯಲು.

ಶುಕ್ರವಾರದ ಫೋಟೊದಲ್ಲಿ ಕೆಂಪು ಚೀಟಿ "ಮುಗಿದದ್ದು" ಸಾಲಿನಲ್ಲಿತ್ತು.

ಶನಿವಾರ ಪ್ರೆಸ್ ಶುರುವಾಯಿತು. ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅದು ಹರಿತಾಳ ಬಲಗೈ ತೆಗೆದುಕೊಂಡಿತು. ಮಣಿಕಟ್ಟಿನವರೆಗೆ.

ಆಕೆಗೆ ಇಪ್ಪತ್ಮೂರು ವರ್ಷ. ಮಂಚೇನಹಳ್ಳಿಯವಳು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅವಳನ್ನು ಕಂಡೆ. ಎಡಗೈಯಲ್ಲಿ ಇಡ್ಲಿ ಮುರಿಯಲು ಕಲಿಯುತ್ತಿದ್ದಳು.

"ಹಸಿರು ದೀಪ ಉರೀತಿಲ್ಲ ಸಾರ್ ಅಂತ ಸೋಮವಾರ ಮೀಟಿಂಗಲ್ಲೇ ಹೇಳ್ದೆ," ಅಂದಳು. "ಬೋರ್ಡಲ್ಲಿ ಡನ್ ಅಂತ ಇತ್ತಲ್ಲಮ್ಮ ಅಂದ್ರು. ಮತ್ತೆ ಹೇಳ್ದೆ. ಆಫ್‌ಲೈನ್ ಮಾತಾಡಣ ಅಂದ್ರು."

"ಆಫ್‌ಲೈನ್ ಅಂದ್ರೆ?"

"ಮಾತಾಡಲ್ಲ ಅಂತ."

ಸುನೀಲ್ ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ಸಿಕ್ಕ. ಅವನನ್ನು ಸಸ್ಪೆಂಡ್ ಮಾಡಿದ್ದರು. ಬುಧವಾರ ಸಂಜೆ ಹೋಗುವ ಮುಂಚೆ ಅವನೇ ಚೀಟಿ ಸರಿಸಿದ, ಕೆಲಸ ಮಾಡದೆ ಮುಗಿಯಿತು ಅಂದ ಎಂಬುದು ಆರೋಪ.

"ನಾನು ಮುಟ್ಟಿಲ್ಲ ಸಾರ್."

"ಸೋಮವಾರ ವಾಪಸ್ ಬಂದಾಗ ಚೀಟಿ ಇರಲಿಲ್ಲ. ಏನಂದ್ಕೊಂಡೆ?"

ಅವನು ಲೋಟದೊಳಗೆ ನೋಡುತ್ತ ಕುಳಿತ. "ಬೇರೆ ಯಾರೋ ಸೆನ್ಸರ್ ಹಾಕಿರ್ಬೇಕು ಅಂದ್ಕೊಂಡೆ. ಬೋರ್ಡ್ ನೋಡ್ದೆ. ಮೆಷಿನ್ ನೋಡ್ಲಿಲ್ಲ."

ಬೋರ್ಡಿನಿಂದ ನಾಲ್ಕನೇ ಪ್ರೆಸ್ಸಿಗೆ ಅರವತ್ತೆರಡು ಹೆಜ್ಜೆ. ನಾನು ನಡೆದು ಎಣಿಸಿದ್ದೇನೆ. ಎರಡು ವಾರದಲ್ಲಿ ಅಷ್ಟು ದೂರ ಯಾರೂ ನಡೆದಿರಲಿಲ್ಲ.

ಬೋರ್ಡಿನ ಪಕ್ಕದಲ್ಲೇ ನಿಯಮಗಳ ಹಾಳೆ ತೂಗುಹಾಕಿದ್ದರು. ಆರನೆಯ ನಿಯಮ: ಮುಖ್ಯಸ್ಥರು ಯಂತ್ರದ ಬಳಿ ಹೋಗಿ ಪರೀಕ್ಷಿಸಿ, ಚೀಟಿಯ ಹಿಂದೆ ಸಹಿ ಮಾಡಿದ ಮೇಲೆಯೇ ಕೆಲಸ ಮುಗಿದಂತೆ. ಅಂದರೆ ಆ ಚೀಟಿಯ ಬೆನ್ನ ಮೇಲೆ ಒಂದು ಸಹಿ ಇದ್ದಿರಬೇಕು... ಅಥವಾ ಇರಬಾರದು. ಎಲ್ಲವೂ ಅದರ ಮೇಲೆ ನಿಂತಿತ್ತು.

ಅಪಘಾತದ ಮರುವಾರ, ಬುಧವಾರ ನಾನು ಅಲ್ಲಿ ನಿಂತು ಆ ಹಾಳೆ ಓದುತ್ತಿದ್ದಾಗ ಮುನಿಗಂಗಮ್ಮ ಬೋರ್ಡಿನ ಕೆಳಗೆ ಗುಡಿಸುತ್ತಿದ್ದಳು. ಅರವತ್ತು ಸಮೀಪಿಸಿದ ಗುತ್ತಿಗೆ ಕೆಲಸದಾಕೆ. ಕಸದಿಂದ ಚೀಟಿಗಳನ್ನು ಆರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಏನ್ ಮಾಡ್ತೀಯಮ್ಮ ಇದನ್ನ?"

"ಗುಜರಿಗೆ ನಾಯನಾ. ನಲ್ಲಪ್ಪನ ಅಂಗ್ಡಿಗೆ."

"ಆ ಶುಕ್ರವಾರದ್ದು?"

"ನಿನ್ನೇನೇ ಹಾಕ್ಬಿಟ್ನಲ್ಲ." ನನ್ನ ಮುಖ ನೋಡಿ ಅವಳ ಪೊರಕೆ ನಿಂತಿತು. "ಯಾಕೆ? ಬೇಕಾಗಿತ್ತಾ?"

ನಲ್ಲಪ್ಪನಿಗೆ ಫೋನ್ ಮಾಡಿದೆ. ಲಾರಿ ಗುರುವಾರ ಹೊರಡುತ್ತದೆ ಅಂದ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಆರೋಪ ಬರೆಯುವ ಮೊದಲು ಆ ಕಡೆಯವರ ಹೇಳಿಕೆ ಕೇಳಬೇಕು ಎಂದು ಹನ್ನೆರಡು ವರ್ಷ ಕಲಿತವನು ನಾನು. ಗುರುವಾರ ಬೆಳಿಗ್ಗೆ ಮಧುಸೂದನ್‌ಗೆ ಫೋನ್ ಮಾಡಿ ಕೇಳಿದೆ: "ಆ ಚೀಟಿಗೆ ನೀವು ಸಹಿ ಹಾಕಿದ್ರಾ? ಚೀಟಿ ಇನ್ನೂ ಇದೆ ಅಂತ ಗೊತ್ತಾಗಿದೆ."

"ಚೆಕ್ ಮಾಡಿ ಹೇಳ್ತೀನಿ," ಅಂದ.

ಚೆಕ್ ಮಾಡಲು ಆವಲಪ್ಪನನ್ನು ಸೇತುವೆಗೆ ಕಳಿಸಿದ.

ನಲ್ಲಪ್ಪನ ಅಂಗಡಿ ಮುಟ್ಟಿದಾಗ ಹನ್ನೊಂದು ಐದು. ಲಾರಿ ಅರ್ಧ ತುಂಬಿತ್ತು. ರಟ್ಟಿನ ರಾಶಿಯ ಪಕ್ಕ ನೆಲದ ಮೇಲೆ ಮುನಿಗಂಗಮ್ಮ ಕುಳಿತಿದ್ದಳು. ಮುಂದೆ ನೂರಾರು ಚೀಟಿ: ಹಳದಿ, ಹಸಿರು, ನೀಲಿ. ಮಡಿಲಲ್ಲಿ ನಾಲ್ಕು ಕೆಂಪು.

"ಬೆಳಿಗ್ಗೆ ಏಳರಿಂದ ಕೂತವ್ಳೆ ಸಾಮಿ," ಅಂದ ನಲ್ಲಪ್ಪ. "ತೂಕ ಆದ ಮಾಲನ್ನ ಮತ್ತೆ ಹರಡ್ಕೊಂಡು. ಹೇಳಿದ್ರೆ ಕೇಳಲ್ಲ."

"ಇಷ್ಟೇ ಕೆಂಪು," ಅಂದಳು ಮುನಿಗಂಗಮ್ಮ. "ಯಾವ್ದು ನೋಡು ನಾಯನಾ."

ಮೂರನೆಯದು. ಮುಂದೆ ಸುನೀಲನ ಅಕ್ಷರ: ಪ್ರೆಸ್ ನಾಲ್ಕು, ಸೆನ್ಸರ್ ಇಲ್ಲ, ಓಡಿಸಬೇಡಿ. ತಿರುಗಿಸಿದೆ. ಹಿಂದೆ ಮಧುಸೂದನ್ ಸಹಿ. ಶುಕ್ರವಾರದ ತಾರೀಖು. ಸುನೀಲ್ ಬೆಂಗಳೂರಿನಲ್ಲಿದ್ದ ಶುಕ್ರವಾರ.

"ಅದನ್ನ ಆ ಕೊನೆ ಸಾಲಿಗೆ ಅಂಟ್ಸಿದ್ದು ನಾನೇ," ಅಂದಳು.

ನಾನು ಪಕ್ಕೆಯ ನೋವನ್ನು ಮರೆತೆ.

"ಆ ಫೋಟೊ ಹಿಂದಿನ ಗುರುವಾರ ಗುಡಿಸೋವಾಗ ಕೆಳಕ್ಕೆ ಬಿದ್ದಿತ್ತು. ಧೂಳಿಗೆ ಅಂಟು ಹೋಗ್ಬಿಡ್ತದೆ. ಒಂದು ಚೀಟಿನೂ ಕೆಳಗಿರ್ಬಾರ್ದು ಅಂತ ಸಾಯೇಬ್ರು ಬೈದಿದ್ರು. ಎಲ್ಲಿಂದ ಬಿತ್ತೋ ನಂಗೇನು ಗೊತ್ತು? ಓದಕ್ಕೆ ಬರಲ್ಲ."

"ಕೊನೆ ಸಾಲಿಗೇ ಯಾಕಮ್ಮ ಹಾಕ್ದೆ?"

"ಅಲ್ಲಿ ಜಾಸ್ತಿ ಇದ್ರೆ ಸಾಯೇಬ್ರ ಮುಖ ಚೆನ್ನಾಗಿರ್ತಿತ್ತು."

ಪಿತೂರಿ ಹುಡುಕುತ್ತಾ ಬಂದಿದ್ದೆ. ಸಿಕ್ಕಿದ್ದು ಇದು. ಇಡೀ ಫ್ಯಾಕ್ಟರಿ ಎರಡು ವರ್ಷದಿಂದ ಯಾವ ಸಾಲಿನತ್ತ ಚೀಟಿ ತಳ್ಳುತ್ತಿತ್ತೋ, ಅವಳೂ ಅದೇ ಸಾಲಿಗೆ ಅಂಟಿಸಿದ್ದಳು.

"ಇದನ್ನ ಯಾರಿಗೂ ಹೇಳ್ಬೇಡ," ಅಂದೆ. "ಸಹಿ ಇದೆ. ಅಷ್ಟು ಸಾಕು."

ಹೊರಗೆ ಬೊಲೆರೊ ಬ್ರೇಕ್ ಹಾಕಿದ ಸದ್ದಾಯಿತು. ಅವಳು ನನ್ನ ಕೈಯಿಂದ ಚೀಟಿ ತೆಗೆದು ಎಲೆಅಡಿಕೆ ಸಂಚಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಷ್ಟೇ ನಿಧಾನವಾಗಿ ಉಳಿದ ಮೂರರಲ್ಲಿ ಒಂದನ್ನು ನನ್ನ ಜೇಬಿಗೆ ತುರುಕಿದಳು.

ಆವಲಪ್ಪ ಒಳಗೆ ಬಂದ, ಹಿಂದೆ ಅದೇ ಇಬ್ಬರು. ಒಬ್ಬ ನನ್ನ ಕೈ ಹಿಡಿದ. ಇನ್ನೊಬ್ಬ ಅದೇ ಪಕ್ಕೆಗೆ ಗುದ್ದಿದ. ಕಣ್ಣಿಗೆ ಕತ್ತಲೆ ಬಂತು. ಆವಲಪ್ಪ ನನ್ನ ಜೇಬಿನಿಂದ ಕೆಂಪು ಚೀಟಿ ತೆಗೆದು ಬೆಳಕಿಗೆ ಹಿಡಿದ. ಮುಂದೆ ನೋಡಿದ. ಹಿಂದೆ ನೋಡಿದ. ಅಲ್ಲೂ ಮಧುಸೂದನ್ ಸಹಿ ಇತ್ತು.

ಆವಲಪ್ಪನಿಗೂ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಎಂಟು ಚೂರು ಮಾಡಿ ಚರಂಡಿಗೆ ಹಾಕಿದ. "ಊರಿಗೆ ಹೋಗಿ ಸಾರ್. ರೆಸ್ಟ್ ತಗೊಳ್ಳಿ," ಅಂದ.

ಅವನು ಹರಿದದ್ದು ಹೆಂಗಸರ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕ ಇಲ್ಲ ಎಂಬ ಚೀಟಿ.

ಲಾರಿ ಹಿಂದೂಪುರದ ಕಡೆಗೆ ಹೋಗುವುದಿತ್ತು. ಕುಡುಮಲಕುಂಟೆ ದಾರಿಯಲ್ಲೇ. ನಲ್ಲಪ್ಪ ನಮ್ಮಿಬ್ಬರನ್ನೂ ಡ್ರೈವರ್ ಪಕ್ಕ ಹತ್ತಿಸಿದ. ಫ್ಯಾಕ್ಟರಿ ಗೇಟಿನವರೆಗೂ ಮುನಿಗಂಗಮ್ಮ ಸಂಚಿಯ ಮೇಲಿನ ಕೈ ತೆಗೆಯಲಿಲ್ಲ.

ಗೇಟಿನಲ್ಲಿದ್ದವರು ಆವಲಪ್ಪನ ಹುಡುಗರೇ. ಆದರೆ ನಾನು ಕಂಪನಿ ಕರೆಸಿದ ತನಿಖೆಯವನು, ಅವಳು ಕಸ ಗುಡಿಸುವವಳು. ತಡೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೀಟಿಂಗ್ ರೂಮಿನಲ್ಲಿ ಬೆಂಗಳೂರಿನಿಂದ ಬಂದ ವಿಚಾರಣಾಧಿಕಾರಿ, ವಕೀಲರು. ಒಂದು ಬದಿಗೆ ಸುನೀಲ್, ಇಸ್ತ್ರಿ ಮಾಡಿದ ಬಿಳಿ ಶರ್ಟು. ಇನ್ನೊಂದು ಬದಿಗೆ ಮಧುಸೂದನ್. ನನ್ನನ್ನು ನೋಡಿ ಅವನ ಪೆನ್ನು ಒಂದು ಕ್ಷಣ ನಿಂತಿತು.

"ನಿಮ್ಮ ರಿಪೋರ್ಟ್ ರೆಡಿನಾ?" ಅಂದರು ಅಧಿಕಾರಿ.

"ಒಂದೇ ಪುಟ," ಅಂದೆ. ಮುನಿಗಂಗಮ್ಮ ಸಂಚಿ ಬಿಚ್ಚಿದಳು. ಕೆಂಪು ಚೀಟಿಯ ಅಂಚಿಗೆ ಸುಣ್ಣ ಹತ್ತಿತ್ತು. ಮೇಜಿನ ಮೇಲೆ ಬೆನ್ನು ಮೇಲಾಗಿ ಇಟ್ಟೆ.

ಮಧುಸೂದನ್ ಅದನ್ನು ಬೆರಳಿನಿಂದ ತನ್ನತ್ತ ಎಳೆದುಕೊಂಡ.

"ಈ ಸೈನ್ ಅಂದ್ರೆ ಕಾರ್ಡ್ ನೋಡಿದೀನಿ ಅಂತ," ಅಂದ. ಧ್ವನಿ ಆಗಲೂ ಏರಲಿಲ್ಲ. "ಮೆಷಿನ್ ನೋಡಿದೀನಿ ಅಂತಲ್ಲ. ಅವತ್ತು ನಲವತ್ತೊಂದು ಕಾರ್ಡ್ ಇತ್ತು."

"ಆರನೇ ನಿಯಮ ಬೇರೆ ಹೇಳುತ್ತೆ. ನೀವೇ ಬರೆದದ್ದು."

"ಸರಿ. ಪ್ರೊಸೆಸ್ ಗ್ಯಾಪ್ ಇದೆ, ಒಪ್ತೀನಿ. ಆದ್ರೆ ಕಾರ್ಡ್ ತಾನಾಗೇ ನಡೆದು ಹೋಗಲ್ಲ ಅಲ್ವಾ? ಸುನೀಲ್ ಅಲ್ದಿದ್ರೆ ಅದನ್ನ ಡನ್‌ಗೆ ಹಾಕಿದ್ದು ಯಾರು?"

ಹನ್ನೆರಡು ವರ್ಷದಲ್ಲಿ ಗೊತ್ತಿದ್ದ ಸಂಗತಿಯನ್ನು ನಾನು ಮುಚ್ಚಿಟ್ಟವನಲ್ಲ. "ಗೊತ್ತಾಗಿಲ್ಲ," ಅಂದೆ.

"ನಾನು," ಅಂದಳು ಮುನಿಗಂಗಮ್ಮ.

ಸುನೀಲ್ ತಲೆ ಎತ್ತಿದ.

"ಕೆಳಗೆ ಬಿದ್ದಿತ್ತು, ಅಂಟಿಸ್ದೆ. ನಂಗೆ ಓದಕ್ಕೆ ಬರಲ್ಲ ಸಾಮಿ. ಆ ಹುಡ್ಗಿ ಕೈ ನನ್ನಿಂದ ಹೋಯ್ತು ಅಂತ ಅನ್ನ ಇಳೀತಿಲ್ಲ." ಅವಳು ಮಧುಸೂದನ್ ಕಡೆ ತಿರುಗಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. "ನಿಮಗೆ ಬರ್ತದಲ್ಲ. ನೀವು ಓದ್ಲಿಲ್ವಾ?"

ಅಧಿಕಾರಿ ಬರೆದುಕೊಂಡರು. ಮಧುಸೂದನ್ ಲ್ಯಾಪ್‌ಟಾಪ್ ಮುಚ್ಚಿದ.

ಮುಂದಿನದು ಸಂಗತಿಗಳಷ್ಟೇ.

ಸುನೀಲ್ ಮೇಲೆ ಪೊಲೀಸ್ ದೂರು ಹೋಗಲಿಲ್ಲ. ಕೆಲಸ ಉಳಿಯಿತು. ಈಗ ಅವನು ಬೋರ್ಡಿಗೆ ಬೆನ್ನು ಹಾಕಿ ಮೊದಲು ಯಂತ್ರದ ಹತ್ತಿರ ಹೋಗುತ್ತಾನೆ. ಮೀಟಿಂಗಿಗೆ ತಡವಾಗಿ ಬರುತ್ತಾನೆಂದು ಎರಡು ಬಾರಿ ಮೆಮೊ ಕೊಟ್ಟಿದ್ದಾರೆ.

ಮುನಿಗಂಗಮ್ಮನಿಗೆ ಮರುದಿನದಿಂದ ಬರುವುದು ಬೇಡ ಅಂದರು. ಗುತ್ತಿಗೆಯವಳು, ಪತ್ರ ಕೂಡ ಬೇಕಾಗಲಿಲ್ಲ.

ಹರಿತಾ ಎಡಗೈಯಲ್ಲಿ ಸಹಿ ಮಾಡಲು ಕಲಿತಿದ್ದಾಳೆ.

ಮಧುಸೂದನ್‌ಗೆ ಹೆಡ್ಡಾಫೀಸಿಗೆ ಬಡ್ತಿಯಾಯಿತು. ಈಗ ಐದು ಫ್ಯಾಕ್ಟರಿಗಳ ಬೋರ್ಡುಗಳು ಅವನಿಗೆ ಫೋಟೊದಲ್ಲಿ ಬರುತ್ತವೆ.

ನನ್ನ ಕೀ ಸಿಗಲಿಲ್ಲ. ಪಕ್ಕೆ ಕೂಡಿಕೊಂಡಿತು.

ಮೂರು ತಿಂಗಳ ಮೇಲೆ ಮತ್ತೆ ಹೋಗಿದ್ದೆ. ನಾಲ್ಕನೇ ಪ್ರೆಸ್ ಓಡುತ್ತಿತ್ತು. ಹಸಿರು ದೀಪ ಉರಿಯುತ್ತಿರಲಿಲ್ಲ. ಹೊಸ ಸೆನ್ಸರ್ ಬಂದಿಲ್ಲ, ಅದರ ಚೀಟಿ ಮೊದಲ ಸಾಲಿನಲ್ಲಿದೆ ಎಂದರು. ಆದರೆ ಕಂಪನಿ ಏನೂ ಮಾಡಿಲ್ಲ ಎಂದು ಬರೆದರೆ ತಪ್ಪಾಗುತ್ತದೆ. ಅಪಘಾತದ ಮೇಲೆ ಗಟ್ಟಿ ಗಾಜಿನ ಸುರಕ್ಷತಾ ಕವಚ ಹಾಕಿಸಿ, ಬೀಗ ಹಾಕಿದ್ದಾರೆ.

ಬೋರ್ಡಿಗೆ.