ಹೊಲಿಗೆ ಬಿಚ್ಚಿದ ಗಾದಿ

ಎಂ.ಸಿ.ಸಿ. ಬಿ ಬ್ಲಾಕಿನ ಹೃದಯದ ಕ್ಲಿನಿಕ್ಕಿನಿಂದ ಮೆಟ್ಟಿಲಿಳಿಯುತ್ತಿದ್ದ ನುಜತ್ ನಡುವೆಯೇ ನಿಂತುಬಿಟ್ಟಳು.

ಕೆಳಗೆ ಸ್ಕೂಟರಿಗೆ ಒರಗಿ ನಿಂತಿದ್ದವನು ಹುಜೈಫಾ... ಇನ್ನು ಇಪ್ಪತ್ತು ದಿನಕ್ಕೆ ಅವಳನ್ನು ನಿಕಾಹ್ ಆಗಬೇಕಾದವನು. ಹರಿಹರದ ಗಾದಿ ಅಂಗಡಿಯ ಹುಡುಗ.

ಅವಳ ಸೊಂಟದಲ್ಲಿ ಒಂದು ಪುಟ್ಟ ಡಬ್ಬಿ ಇತ್ತು. ಅದರ ವೈರುಗಳು ಎದೆಗೆ ಅಂಟಿಕೊಂಡಿದ್ದವು. ಒಂದು ದಿನಪೂರ್ತಿ ಎದೆಬಡಿತವನ್ನು ಬರೆದಿಡುವ ಯಂತ್ರ ಅದು. ಅವಳು ದುಪಟ್ಟಾ ಎಳೆದುಕೊಳ್ಳುವಷ್ಟರಲ್ಲಿ ಅವನ ಕಣ್ಣು ಡಬ್ಬಿಯ ಮೇಲೆ ಬಿದ್ದಾಗಿತ್ತು.

"ಆರಾಮದೀರಾ?" ಎಂದ.

"ಅಮ್ಮಿಗೆ ಬಿಪಿ ಮಾತ್ರೆ ಬೇಕಿತ್ತು..."

ಅವನು ತಲೆಯಾಡಿಸಿದ. ಮತ್ತೇನೂ ಕೇಳಲಿಲ್ಲ. ಅದೇ ಅವಳನ್ನು ಹೆದರಿಸಿತು.

ಹರಿಹರದವನಿಗೆ ಈ ಬಾಗಿಲಲ್ಲಿ ಏನು ಕೆಲಸ? ಯಾರೋ ಕಿವಿಗೆ ಹಾಕಿದ್ದಾರೆ...

ಆರು ತಿಂಗಳಿಂದ ಹೀಗೆ. ಕೂತಲ್ಲಿ, ನಿಂತಲ್ಲಿ, ಇದ್ದಕ್ಕಿದ್ದಂತೆ ಎದೆ ಓಡತೊಡಗುತ್ತಿತ್ತು. ಹತ್ತು ನಿಮಿಷವೋ ಅರ್ಧ ಗಂಟೆಯೋ ಓಡಿ, ಸ್ವಿಚ್ಚು ಆರಿಸಿದಂತೆ ನಿಲ್ಲುತ್ತಿತ್ತು. ತಾಯಿ ಹಜೀರಾಬೀ ಮಗಳ ಬಾಯಿಗೆ ಬೀಗ ಹಾಕಿದ್ದಳು. "ನಿಕಾಹ್ ಆಗೋತನ ಉಸಿರು ಬಿಡಬ್ಯಾಡ. ಹಾರ್ಟು ಅಂದ್ರೆ ಸಾಕು, ಬಂದ ದಾರಿ ಹಿಡಿದು ಹೋಗ್ತಾರೆ."

ಅವನು ಹೋಗಿಬಿಟ್ಟರೆ? ಆ ಯೋಚನೆಯನ್ನೇ ನುಜತ್ ತಡೆಯಲಾರಳು. ಹೆಣ್ಣು ನೋಡಲು ಬಂದ ದಿನ ಎಲ್ಲರೂ ಅಡುಗೆಯ ವಿಚಾರ ಕೇಳುತ್ತಿದ್ದರೆ, ಅವನೊಬ್ಬ ಕೇಳಿದ್ದು ಗಾದಿ ಮೆತ್ತಗಿರಬೇಕೋ ಗಟ್ಟಿ ಇರಬೇಕೋ ಎಂದು. ಕೋಣೆಯೆಲ್ಲ ನಕ್ಕಿತ್ತು. ಅವರಲ್ಲಿ ಹಾಸಿಗೆ ಹೆಣ್ಣಿನ ಮನೆಯಿಂದ ಹೋಗಬೇಕು. ಅವನು ಮಾತ್ರ, ನಾನೇ ಹೊಲಿಯುತ್ತೇನೆಂದು ಹಟ ಹಿಡಿದಿದ್ದ. ನುಜತಳ ಮನಸ್ಸು ಅಂದೇ ಹರಿಹರ ಸೇರಿತ್ತು.

ಎದೆ ಓಡಿದಾಗಲೆಲ್ಲ ವೇಳೆ ಬರೆದಿಡು ಎಂದು ಡಾಕ್ಟರ್ ಆಶಾ ಒಂದು ಚೀಟಿ ಕೊಟ್ಟಿದ್ದರು. ದೇವರಾಜ ಅರಸು ಬಡಾವಣೆಯ ಮನೆ ಸೇರಿದ ಮೇಲೆ ಮಧ್ಯಾಹ್ನಕ್ಕೆ ಒಂದು, ನಾಲ್ಕು ಗಂಟೆಗೆ ಇನ್ನೊಂದು ಬರೆದಳು. ಸಂಜೆ ಆರು ಹತ್ತಕ್ಕೆ ಹುಜೈಫಾನ ಫೋನು ಬಂತು. ಮೂರನೆಯದನ್ನೂ ಬರೆದಳು.

ಅವನು ಕೇಳಿದ್ದೆಲ್ಲ ವಿಚಿತ್ರ. ದಿನಕ್ಕೆ ಚಹಾ ಎಷ್ಟು ಸಲ? ನಿದ್ದೆ ಸರಿಯಾಗಿ ಬರುತ್ತದೆಯೇ? ಮೆಟ್ಟಿಲು ಹತ್ತಿದರೆ ಆಯಾಸವೇ? ಪೊಲೀಸರು ಕೇಳಿದಂತೆ ಒಂದೊಂದಾಗಿ ಕೇಳಿ, "ಆಯ್ತು, ಆರಾಮ ತಗೋರಿ" ಎಂದು ಇಟ್ಟುಬಿಟ್ಟ.

ಸುಳ್ಳು ಹೇಳಿಸಿ ಹಿಡಿಯುತ್ತಿದ್ದಾನೆ... ನುಜತ್ ರಾತ್ರಿಯ ಇಶಾ ನಮಾಜು ಮುಗಿಸಿ ಕೈಯೆತ್ತಿ ಕೂತಳು. ಏನು ಬೇಡಬೇಕೆಂಬುದೇ ತಿಳಿಯಲಿಲ್ಲ. ಹೃದಯ ಕೊಟ್ಟವನಿಗೆ ಅದರೊಳಗಿನದು ಹೇಳದೆಯೂ ತಿಳಿಯುತ್ತದೆಂದು ಸುಮ್ಮನೆ ಕೈ ಇಳಿಸಿದಳು.

ಮರುದಿನ ಡಾಕ್ಟರ್ ಆಶಾ ಗೆರೆಗಳ ಕಾಗದ ಹರಡಿ ತಿಳಿಸಿದರು. ಹೃದಯದಲ್ಲಿ ಕರೆಂಟು ಹರಿಯುವ ಒಂದು ಹೆಚ್ಚಿನ ದಾರಿ ಇದೆ. ಕರೆಂಟು ಅಲ್ಲಿ ಸಿಕ್ಕಿ ಗಿರಕಿ ಹೊಡೆದಾಗ ಬಡಿತ ಓಡುತ್ತದೆ. ಅಂಜಬೇಕಾಗಿಲ್ಲ. ಚಹಾ ಕಡಿಮೆ ಮಾಡಬೇಕು, ನಿದ್ದೆ ಕೆಡಬಾರದು, ಊಟ ಬಿಡಬಾರದು. ಓಡತೊಡಗಿದರೆ ಒರಗಿ ಕೂತು, ಮೂಗು ಬಾಯಿ ಮುಚ್ಚಿ, ಹದಿನೈದು ಎಣಿಸುವ ತನಕ ಉಸಿರನ್ನು ಒಳಗೇ ಒತ್ತಬೇಕು. ಕೂಡಲೇ ಅಂಗಾತ ಮಲಗಿ ಕಾಲು ಮೇಲೆತ್ತಬೇಕು. ಎದೆ ನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಬರಬೇಕು.

"ಈ ಮೂರರಲ್ಲಿ ಎರಡೇ ಕಾಯಿಲೇದು. ಆರು ಹತ್ತರದ್ದು ಬರೀ ಜೋರು ಬಡಿತ, ತಾಳ ಸರಿಯಾಗೇ ಐತೆ. ಆಗೇನಾಗಿತ್ತಮ್ಮ?"

ನುಜತ್ ಚೀಟಿ ಮಡಿಸಿಕೊಂಡಳು.

ಮೂರನೆಯ ದಿನ ಸೋದರಮಾವ ಬಡೇಸಾಬ್ ಹರಿಹರದಿಂದ ಸುದ್ದಿ ತಂದ. ಮದುಮಗಳ ಗಾದಿ ಹೊಲಿದು ಮುಗಿದಿತ್ತಂತೆ. ಹುಜೈಫಾ ಅದರ ಹೊಲಿಗೆ ಬಿಚ್ಚಿ ಹತ್ತಿ ಹೊರಗೆಳೆಯುತ್ತಿದ್ದನಂತೆ. ಯಾಕೆಂದು ಕೇಳಿದ್ದಕ್ಕೆ ನಕ್ಕುಬಿಟ್ಟನಂತೆ!

ಹಜೀರಾಬೀ ಹಣೆ ಚಚ್ಚಿಕೊಂಡಳು. ಅವಳ ತವರಿನಲ್ಲಿ ಮದುಮಗಳ ಗಾದಿ ಬಿಚ್ಚಿದರೆ ಕೊಟ್ಟ ಮಾತನ್ನು ಬಿಚ್ಚಿದಂತೆ.

ನುಜತ್ ಅಳಲಿಲ್ಲ. ಬುರ್ಖಾ ತೊಟ್ಟು ಹರಿಹರದ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಹತ್ತಿಯನ್ನು ಹಿಂಜಿ ಎಕ್ಕುವ ಯಂತ್ರ ಗಡಗಡಿಸುತ್ತಿತ್ತು. ಅವಳನ್ನು ಕಂಡು ಹುಜೈಫಾನ ತಂದೆ ಕರೀಂ ಸಾಬ್ ಅದನ್ನು ನಿಲ್ಲಿಸಿದ. ನೆಲದ ಮೇಲೆ ಕೆಂಪು ಪಟ್ಟೆಯ ಗಾದಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲೇ ಸೂಜಿ ಹಿಡಿದ ಹುಜೈಫಾ.

"ಮಾತು ಮುರಿಯೋದಿದ್ರೆ ಬಾಯಿಬಿಟ್ಟು ಮುರೀರಿ," ಎಂದಳು. "ಹೌದು, ನನಗೆ ಎದೆ ಓಡೋ ಕಾಯಿಲೆ ಐತೆ. ಮುಚ್ಚಿಟ್ಟೆ, ತಪ್ಪು ನಂದೇ. ಆದ್ರೆ ಹಿಂದೆ ಬಿದ್ದು ನೋಡಿ, ಫೋನಲ್ಲಿ ಪಾಟೀಸವಾಲು ಮಾಡಿ... ಹಿಂಗ್ಯಾಕ..."

ಮಾತು ಅಲ್ಲಿಗೇ ನಿಂತಿತು. ಎದೆ ಓಡತೊಡಗಿತ್ತು.

ಅವನು ಗಾಬರಿಯಾಗಲಿಲ್ಲ. ಗಾದಿಯ ಮೇಲೆ ಎರಡು ಎತ್ತರದ ದಿಂಬು ಜೋಡಿಸಿ, "ಒರಗ್ರಿ. ಡಾಕ್ಟ್ರು ಹೇಳಿಕೊಟ್ಟದ್ದು ನೆನಪೈತಾ? ಮಾಡ್ರಿ, ನಾನು ಎಣಿಸ್ತೀನಿ" ಎಂದ.

ನುಜತ್ ಒರಗಿ ಮೂಗು ಬಾಯಿ ಮುಚ್ಚಿ ಉಸಿರು ಒತ್ತಿದಳು. ಅವನು ಬಾಗಿಲಿನ ಕಡೆ ಮುಖ ಮಾಡಿ ನಿಧಾನವಾಗಿ ಎಣಿಸಿದ. ಹದಿನೈದಕ್ಕೆ ಅವಳು ಅಂಗಾತ ಮಲಗಿ ದಿಂಬುಗಳ ಮೇಲೆ ಕಾಲೇರಿಸಿದಳು. ಒಂದು ಗಳಿಗೆ... ಇನ್ನೊಂದು ಗಳಿಗೆ...

ಎದೆ ಒಮ್ಮೆ ತಡೆದು, ತನ್ನ ತಾಳಕ್ಕೆ ಮರಳಿತು. ಅಲ್ಹಮ್ದುಲಿಲ್ಲಾಹ್, ಎಂದಿತು ಅವಳ ಒಳಗು.

"ಇದೆಲ್ಲ ನಿಮಗೆ ಹೆಂಗೆ ಗೊತ್ತು?"

ಒಳಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹುಜೈಫಾ ಅತ್ತ ಕೈ ತೋರಿಸಿದ. "ನಮ್ಮ ಅಮ್ಮಿಗೂ ಇದೇ. ಹದಿನೈದು ವರ್ಷದ ಹಿಂದೆ ಅವಳಿಗೂ ಅಂಥದ್ದೇ ಡಬ್ಬಿ ಕಟ್ಟಿದ್ರು."

"ಅವಳ ಬೈಗುಳ ಕೇಳಿ ಕೇಳಿ ನನಗೆ ಸುಸ್ತಾಗೈತೆ ಬೇಟಿ, ಅವಳ ಎದೆಗೆ ಇನ್ನೂ ಆಗಿಲ್ಲ," ಎಂದು ಕರೀಂ ಸಾಬ್ ಬೀಡಿ ನೆಪದಲ್ಲಿ ಬಾಗಿಲಾಚೆ ಹೋಗಿ ಕೂತ.

ಹುಜೈಫಾ ಕ್ಲಿನಿಕ್ಕಿನ ಬೆಂಚಿಗೆ ಗಾದಿ ಹೊಲಿದು ಕೊಡಲೆಂದೇ ಅಂದು ಹೋಗಿದ್ದನಂತೆ. ಡಬ್ಬಿ ಕಂಡ ಮೇಲೆ ಅವನಿಗೂ ನಿದ್ದೆ ಹತ್ತಲಿಲ್ಲವಂತೆ.

"ಮತ್ತೆ ಗಾದಿ?" ಎಂದಳು ನುಜತ್.

"ಎದೆ ಓಡಿದಾಗ ಒರಗಿ ಕೂರಾಕೆ ಎತ್ತರದ ದಿಂಬು ಬೇಕು. ಅಮ್ಮಿಗೂ ನಾನೇ ಮಾಡಿಕೊಟ್ಟೀನಿ. ನಿಮ್ಮ ಗಾದೀಗೆ ಆರಿಸಿ ತಂದಂಥ ಹತ್ತಿ ಇನ್ನೆಲ್ಲೂ ಸಿಗಲಿಲ್ಲ. ಅದಕ್ಕೇ ಬಿಚ್ಚಿದೆ."

ಮೂರು ದಿನದ ಶಂಕೆಯೆಲ್ಲ ನುಜತಳ ಕಣ್ಣಲ್ಲಿ ನೀರಾಯಿತು. "ನನ್ನ ಕೇಳಬಹುದಿತ್ತಲ್ಲ..."

"ಅಮ್ಮಿಯ ಬಿಪಿ ಮಾತ್ರೆ ಅಂದ್ರಿ. ನನ್ನ ಮೇಲೆ ನಂಬಿಕೆ ಬರಲಿ, ನೀವೇ ಹೇಳ್ತೀರಿ ಅಂತ ಕಾದೆ."

ಅವಳು ಕಣ್ಣೊರೆಸಿಕೊಂಡು ಮಡಿಸಿದ ಚೀಟಿಯನ್ನು ಅವನ ಮುಂದಿಟ್ಟಳು. "ಇವೆರಡು ಕಾಯಿಲೆಯವು. ಆರು ಹತ್ತರದ್ದು ಮಾತ್ರ ಕಾಯಿಲೆ ಅಲ್ಲಂತೆ."

ಅವನು ಓದಿದ. ತಡೆದು, ಮೊಬೈಲು ತೆಗೆದು ಆ ದಿನದ ಕರೆಗಳ ಪಟ್ಟಿ ನೋಡಿದ. ಅವನ ಕಿವಿ ಕೆಂಪಾಯಿತು.

"ಇದಕ್ಕೇನು ಮಾತ್ರೆ ಕೊಟ್ಟಾರೆ ಡಾಕ್ಟ್ರು?"

"ಕೊಟ್ಟಿಲ್ಲ," ಎಂದಳು ನುಜತ್. "ಕೊಟ್ರೂ ನುಂಗಂಗಿಲ್ಲ ನಾನು."